ಹಿಂಭಾರದ ಗಾಡಿ

ಹೋಟೆಲು ಮುಚ್ಚಿದ ಮೇಲೆ ತಾರಾನಾಥರು ಮನೆಯನ್ನೇ ಹೋಟೆಲು ಮಾಡಿದರು. ಗಿರಾಕಿಯೂ ಅವರೇ, ಮಾಲೀಕರೂ ಅವರೇ. ಭಟ್ಟರು, ಸಪ್ಲಾಯರ್, ಕ್ಲೀನರ್ ಮಾತ್ರ ಅವರ ಹೆಂಡತಿ ಶ್ರೀಮತಿ.

ಉಡುಪಿ ಕಡೆಯಿಂದ ಬಂದು, ಮುಂಬೈ ಪಕ್ಕದ ಠಾಣೆಯಲ್ಲಿ, ರೈಲು ಸ್ಟೇಷನ್ನಿನ ಪಶ್ಚಿಮಕ್ಕೆ ಮೂವತ್ತನಾಲ್ಕು ವರ್ಷ ಗಲ್ಲಾದ ಮೇಲೆ ಕೂತ ಮನುಷ್ಯ. ಜಾಗದ ಕರಾರು ಮುಗಿಯಿತು, ಹಳೆಯ ಕಟ್ಟಡವನ್ನು ಕೆಡವುವವರಿಗೆ ಬಿಟ್ಟುಕೊಟ್ಟು ಡೊಂಬಿವಲಿಯ ಫ್ಲಾಟಿನ ಸೋಫಾದ ಮೇಲೆ ಬಂದು ಕೂತರು. ಕೂತಲ್ಲಿಂದಲೇ "ಸಾಂಬಾರಿಗೆ ಉಪ್ಪು ಕಮ್ಮಿ" ಎಂದು ಕೂಗುವುದು, ಫ್ರಿಜ್ಜು ತೆರೆದು ತರಕಾರಿ ಎಣಿಸುವುದು, ಸಿಂಕಿನಲ್ಲಿ ಎರಡು ಲೋಟ ಕಂಡರೆ "ಟೇಬಲ್ ಯಾಕೆ ಕ್ಲೀನಾಗಲಿಲ್ಲ" ಎಂಬ ಧಾಟಿಯಲ್ಲಿ ಗಂಟಲು ಸರಿಮಾಡಿಕೊಳ್ಳುವುದು. ಕೊನೆಗೆ ಫ್ರಿಜ್ಜಿನ ಬಾಗಿಲಿಗೆ ವಾರದ ತಿಂಡಿಯ ಪಟ್ಟಿಯನ್ನೂ ಅಂಟಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಗಲ್ಲಾದ ಗುಣವೂ ಹಾಗೆಯೇ.

ಶ್ರೀಮತಿ ಐದು ತಿಂಗಳು ಸಹಿಸಿದರು. ಆರನೆಯ ತಿಂಗಳು ಪಟ್ಟಿಯನ್ನು ಕಿತ್ತು, ಮಡಚಿ, ಗಂಡನ ಕೈಗೇ ಕೊಟ್ಟರು.

"ನಾನು ನಿಶಾನ ಮನೆಗೆ ಹೋಗ್ತೇನೆ, ಖಾರಘರಕ್ಕೆ," ಎಂದರು. ನಿಶಾ ಅವರ ಮಗಳು.

"ಹೋಗು. ಎಷ್ಟು ದಿನಕ್ಕೆ?"

"ದಿನ ಎಂತದ್ದು? ಅಲ್ಲಿಯೇ ಇರ್ತೇನೆ. ಅವಳು ಒಂದು ಕೋಣೆ ಖಾಲಿ ಮಾಡಿ ಇಟ್ಟಿದ್ದಾಳೆ."

ತಾರಾನಾಥರು ನಕ್ಕರು. ಶ್ರೀಮತಿ ನಗಲಿಲ್ಲ. ಆಗ ಅವರಿಗೆ ಭಯವಾಯಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ಈ ಹೆಂಗಸು ಹೆದರಿಸಲಿಕ್ಕೆಂದು ಒಂದು ಮಾತನ್ನೂ ಆಡಿದವರಲ್ಲ. ಹೇಳಿದರೆ ಮಾಡುವವರು.

ಆ ಭಯದಿಂದಲೇ ಹುಟ್ಟಿದ್ದು ಕ್ಯಾಂಪರಿನ ಯೋಚನೆ. ಅದನ್ನು ಮೊಬೈಲಿನಲ್ಲಿ ನೋಡಿದ್ದರು. ವಾಹನದ ಹಿಂದೆ ಸಿಕ್ಕಿಸಿ ಎಳೆಯುವ, ಮುಚ್ಚಿದಾಗ ಎದೆಯೆತ್ತರದ, ಎರಡು ಚಕ್ರದ ತಗಡಿನ ಪೆಟ್ಟಿಗೆ. ನಿಲ್ಲಿಸಿ, ಚಿಲಕ ಬಿಚ್ಚಿ ಚಾವಣಿ ಎತ್ತಿದರೆ ಕ್ಯಾನ್ವಾಸ್ ಗೋಡೆಯ ಕೋಣೆ. ಒಳಗೆ ಇಬ್ಬರ ಹಾಸಿಗೆ, ಹಿಂಬದಿಗೆ ಪುಟ್ಟ ಒಲೆ, ಸಿಂಕು. ಎಲ್ಲ ಸೇರಿ ಐನೂರು ಕಿಲೋ. ಅದನ್ನು ಎಳೆಯಲಿಕ್ಕೆ ಕಲ್ಯಾಣದ ಒಬ್ಬ ಕಂಟ್ರಾಕ್ಟರನಿಂದ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಕೊಂಡರು. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ಸಾಮಾನಿನ ತೆರೆದ ಡಬ್ಬ.

"ನಾಲ್ಕು ದಿನ ಬಾ, ಅಲಿಬಾಗ್ ಕಡೆ ಸಮುದ್ರಕ್ಕೆ ಹೋಗುವ," ಎಂದು ಹೆಂಡತಿಯನ್ನು ಕೇಳಿಕೊಂಡರು. "ನಿನಗೆ ಸರಿಬರದಿದ್ದರೆ, ವಾಪಸ್ ಬರುವಾಗ ನಾನೇ ಖಾರಘರದಲ್ಲಿ ಇಳಿಸ್ತೇನೆ. ಒಂದು ಮಾತು ಕೇಳುವುದಿಲ್ಲ."

ಶ್ರೀಮತಿ ಎರಡು ದಿನ ಯೋಚಿಸಿದರು. "ಬರ್ತೇನೆ. ಆದರೆ ನಾಲ್ಕು ದಿನ ನಾನು ಒಲೆ ಮುಟ್ಟುವುದಿಲ್ಲ. ವಡಾಪಾವೋ ಮತ್ತೊಂದೋ, ದಾರಿಯಲ್ಲಿ ಸಿಕ್ಕಿದ್ದು ತಿನ್ನುವುದು. ಅಡಿಗೆ ಸಾಮಾನು ಒಂದೂ ಬೇಡ."

"ಆಯ್ತು ಮಾರಾಯ್ತಿ," ಎಂದರು ತಾರಾನಾಥರು. ಆ ಗಳಿಗೆಯಲ್ಲಿ ಮನಸ್ಸಿನಿಂದಲೇ ಹೇಳಿದ್ದು.

ಕ್ಯಾಂಪರ್ ಮಾಡಿಕೊಟ್ಟವನು ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನ ಅಂಬಾದಾಸ. ಕಲಬುರಗಿ ಕಡೆಯವನು, ಇಪ್ಪತ್ತು ವರ್ಷ ಬೇರೆಯವರ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡಿ ಈಗ ಸ್ವಂತ ಬೋರ್ಡು ಹಾಕಿಕೊಂಡಿದ್ದಾನೆ. ಗಾಡಿ ಒಪ್ಪಿಸುವ ದಿನ, ಆಸ್ಪತ್ರೆಯಲ್ಲಿ ಮನುಷ್ಯರನ್ನು ತೂಗುವಂಥ ತಕ್ಕಡಿಯನ್ನು ತಂದು, ಕ್ಯಾಂಪರಿನ ಮೂತಿಯ ಕೊಂಡಿಯನ್ನು ಅದರ ಮೇಲೆ ಇಳಿಸಿ ತೋರಿಸಿದ.

"ನೋಡ್ರಿ ಅಣ್ಣಾರ, ಈ ಕೊಂಡಿ ಮ್ಯಾಲ ಐವತ್ತ-ಅರವತ್ತ ಕಿಲೋ ಭಾರ ಇರಾಕ ಬೇಕು. ಹಿಂದ ಜಾಸ್ತಿ ಹೇರಿದ್ರ ಹಿಂಭಾರ ಆಗಿ ಬಾಲ ಅಳ್ಳಾಡತದ. ನಮ್ಮೂರ ಬಂಡ್ಯಾಗ ಹಿಂಭಾರ ಆದ್ರ ನೊಗ ಮ್ಯಾಲ ಎದ್ದು ಎತ್ತಿನ ಕುತ್ಗಿ ಬಿಗೀತಿತ್ತು. ಇಲ್ಲಿ ಎತ್ತು ಇಲ್ಲ, ನೀವ ಅದೀರಿ."

ತಾರಾನಾಥರು ಆಗ ಕಲ್ಯಾಣದ ಹಳೆಯ ಹೋಟೆಲು ಸ್ನೇಹಿತನಿಗೆ ಫೋನಿನಲ್ಲಿ ಕ್ಯಾಂಪರಿನ ವರ್ಣನೆ ಮಾಡುತ್ತಿದ್ದರು. ನಡುನಡುವೆ ಅಂಬಾದಾಸನಿಗೂ ಒಂದು "ಹ್ಞಾಂ" ದಾನ ಮಾಡುತ್ತಿದ್ದರು.

"ಅಳ್ಳಾಡಾಕ ಹತ್ತಿದ್ರ ಬ್ರೇಕ್ ಒತ್ತಬ್ಯಾಡ್ರಿ, ಸ್ಟೇರಿಂಗ್ ತಿರುವಬ್ಯಾಡ್ರಿ," ಎಂದು ಅಂಬಾದಾಸ ಮುಂದುವರಿಸಿದ. "ಎಕ್ಸಲೇಟರ್ ಬಿಟ್ಟು ನೆಟ್ಟಗ ಹಿಡೀರಿ. ತಾನ ತಣ್ಣಗಾಗತದ."

"ಒಂದೂವರೆ ಟನ್ ಎಳೆಯುವ ಗಾಡಿ ಉಂಟು ನನ್ನ ಹತ್ತಿರ," ಎಂದರು ತಾರಾನಾಥರು ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ. "ನಿನ್ನ ಐನೂರು ಕಿಲೋ ಎಂತ ಲೆಕ್ಕ?"

ತಕ್ಕಡಿಯ ಪಕ್ಕದಲ್ಲಿ ನಿಂತಿದ್ದ ಶ್ರೀಮತಿ ಬಗ್ಗಿ ಮುಳ್ಳನ್ನು ನೋಡಿದರು.

ಹೊರಡುವ ದಿನ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ತಾರಾನಾಥರು ಹೌಸಿಂಗ್ ಸೊಸೈಟಿಯ ವಾಚ್‌ಮನ್ನನ ಸಹಾಯದಿಂದ ಫ್ಲಾಟಿನಿಂದ ಸಾಮಾನು ಕೆಳಗಿಳಿಸಿದರು. ಹೋಟೆಲಿನಿಂದ ಬರುವಾಗ ಬಿಟ್ಟು ಬರಲಾಗದೆ ತಂದಿದ್ದ ಕಲ್ಲಿನ ಗ್ರೈಂಡರು, ಕಬ್ಬಿಣದ ದೊಡ್ಡ ಕಾವಲಿ, ಅಕ್ಕಿ, ಉದ್ದು, ಹದಿನೈದು ತೆಂಗಿನಕಾಯಿ, ಗ್ಯಾಸ್ ಸಿಲಿಂಡರು, ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು. ಹೋಟೆಲಿನವರ ಶಿಸ್ತು ಒಂದೇ: ಅಡಿಗೆಯ ಸಾಮಾನು ಅಡಿಗೆಮನೆಯಲ್ಲೇ ಇರಬೇಕು. ಕ್ಯಾಂಪರಿನ ಅಡಿಗೆಮನೆ ಇದ್ದದ್ದು ಬಾಲದಲ್ಲಿ. ಹಾಗಾಗಿ ಎಲ್ಲವನ್ನೂ ಬಾಲಕ್ಕೇ ತುಂಬಿ, ಅಲ್ಲಾಡದಂತೆ ಗೋಣಿ ತುರುಕಿ, ಬಾಗಿಲು ಹಾಕಿದರು. ಪಿಕಪ್ಪಿನ ಡಬ್ಬ ಗೀರು ಬೀಳಬಾರದೆಂದು ಖಾಲಿಯೇ ಉಳಿಯಿತು.

ಕೊಟ್ಟ ಮಾತು? ಅದಕ್ಕೂ ಅವರಲ್ಲಿ ಉತ್ತರವಿತ್ತು. ಅಡಿಗೆ ಮಾಡುವವರು ತಾವೇ. ಸಮುದ್ರದ ಎದುರು ಕಾವಲಿ ಇಟ್ಟು, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಗರಿಗರಿ ದೋಸೆ ಹಾಕಿಕೊಡುವುದು. ಅದನ್ನು ತಿಂದವರು ಖಾರಘರವನ್ನು ಮರೆಯದೆ ಇರುತ್ತಾರೆಯೇ? ಮತ್ತೆ, ಹೋಟೆಲಿನವನು ಇನ್ನೊಬ್ಬನ ಹೋಟೆಲಿನಲ್ಲಿ ಕೈಚಾಚಿ ತಿನ್ನುವುದೆಂದರೆ ಅವರಿಗೆ ಮೂಗು ಕೊಯ್ದಂತೆ.

ಏಳು ಗಂಟೆಗೆ ಹೊರಟರು. ಶಿಳಫಾಟಾದವರೆಗೆ ಟ್ರಾಫಿಕ್ಕಿನಲ್ಲಿ ತೆವಳಿದ್ದರಿಂದ ಏನೂ ತಿಳಿಯಲಿಲ್ಲ. ಪಿಕಪ್ಪು ಹಿಂದಿನ ಪೆಟ್ಟಿಗೆ ಇದೆಯೋ ಇಲ್ಲವೋ ಎಂಬಂತೆ ಎಳೆಯುತ್ತಿತ್ತು. ಕಿಟಕಿಯ ಗಾಳಿಗೆ ಶ್ರೀಮತಿಯ ಮುಖ ಸ್ವಲ್ಪ ಸಡಿಲವಾಗಿತ್ತು. ಒಮ್ಮೆ ಅವರು ತಾವಾಗಿಯೇ, "ಅಲ್ಲಿ ಸಮುದ್ರ ಎಷ್ಟು ಹತ್ತಿರ ಉಂಟು?" ಎಂದು ಕೇಳಿದರು. ತಾರಾನಾಥರಿಗೆ ಅರ್ಧ ಗೆದ್ದಷ್ಟು ಸಂತೋಷವಾಯಿತು.

ತಳೋಜಾ ದಾಟಿದ ಮೇಲೆ ರಸ್ತೆ ತೆರೆದುಕೊಂಡಿತು. ಸಂತೋಷದಲ್ಲಿ ಕಾಲು ಭಾರವಾಗಿ ಸ್ಪೀಡಿನ ಮುಳ್ಳು ಎಪ್ಪತ್ತಕ್ಕೆ ಹೋಯಿತು. ಒಂದು ಸೇತುವೆಯ ಇಳಿಜಾರಿನಲ್ಲಿ ದೊಡ್ಡ ಕಂಟೇನರ್ ಲಾರಿ ಬಲಗಡೆಯಿಂದ ಹಾದುಹೋಗಿ, ಅದರ ಗಾಳಿ ತಳ್ಳಿತು. ಕನ್ನಡಿಯಲ್ಲಿ ಕ್ಯಾಂಪರಿನ ಬಾಲ ಒಮ್ಮೆ ಎಡಕ್ಕೆ ಇಣುಕಿತು, ಮತ್ತೆ ಬಲಕ್ಕೆ. ಮೂರನೆಯ ಸಲ ಇಡೀ ಪಿಕಪ್ಪಿನ ಹಿಂಭಾಗವನ್ನೇ ಹಿಡಿದು ಜಗ್ಗಿತು. ತಾರಾನಾಥರು ಬ್ರೇಕ್ ತುಳಿದರು. ಜಗ್ಗಾಟ ಎರಡರಷ್ಟಾಯಿತು; ರಸ್ತೆಯ ಅಂಚಿನ ಕಂಬಿ ಕಿಟಕಿಯ ಪಕ್ಕಕ್ಕೇ ಬಂದು ಹೋಯಿತು.

"ಬ್ರೇಕ್ ಬಿಡಿ!" ಎಂದು ಶ್ರೀಮತಿ ಕೂಗಿದರು. "ಕಾಲು ತೆಗೀರಿ! ಸ್ಟೇರಿಂಗ್ ತಿರುಗಿಸ್ಬೇಡಿ, ನೇರ ಹಿಡೀರಿ!"

ಮೂವತ್ತಾರು ವರ್ಷದಲ್ಲಿ ಹೆಂಡತಿ ಕೂಗಿದ್ದನ್ನು ಅವರು ಕೇಳಿದ್ದು ಇದೇ ಮೊದಲು. ಹೇಳಿದಂತೆ ಮಾಡಿದರು. ಬಾಲ ಇನ್ನೂ ನಾಲ್ಕು ಸಲ ಅತ್ತಿತ್ತ ಒದ್ದಾಡಿ, ಸಣ್ಣದಾಗಿ, ಸುಮ್ಮನಾಯಿತು. ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿದರು.

ಶ್ರೀಮತಿ ಇಳಿದು, ಹಿಂದೆ ಹೋಗಿ, ಕ್ಯಾಂಪರಿನ ಹಿಂಬಾಗಿಲು ತೆರೆದರು. ಗ್ರೈಂಡರು ಎದುರಿಗೇ ಇತ್ತು. ಎರಡು ತೆಂಗಿನಕಾಯಿ ಉರುಳಿ ಅವರ ಕಾಲ ಬಳಿ ಬಿದ್ದವು. ತಾರಾನಾಥರೂ ಇಳಿದು ಬಂದರು.

"ಇದು ಯಾರಿಗೆ?"

"ನಿನಗೇ. ನಾನು ದೋಸೆ ಮಾಡಿಕೊಡುವ ಅಂತ."

"ಹಿಟ್ಟು ಯಾರು ರುಬ್ಬುವುದು?"

"ನಾನೇ."

"ಚಟ್ನಿಗೆ ಕಾಯಿ ತುರಿಯುವುದು? ಆದ ಮೇಲೆ ಈ ಕಾವಲಿ ತಿಕ್ಕುವುದು?"

ತಾರಾನಾಥರ ಬಾಯಿ ತೆರೆಯಿತು. ಉತ್ತರ ಸಿದ್ಧವಾಗಿಯೇ ಇತ್ತು. ಗಲ್ಲಾದವರಿಗೆ ಎಂದಾದರೂ ಉತ್ತರ ತಪ್ಪುತ್ತದೆಯೇ? ಆದರೆ ಆಗಷ್ಟೇ ಸಾವನ್ನು ಪಕ್ಕದಲ್ಲಿ ನೋಡಿದ್ದ ನಾಲಿಗೆಗೆ ಸುಳ್ಳು ಒಗ್ಗಲಿಲ್ಲ.

"ಎರಡು ದೋಸೆ ನಾನು ಹಾಕ್ತಿದ್ದೆ," ಎಂದರು ತಲೆ ತಗ್ಗಿಸಿ. "ಮೂರನೆಯದಕ್ಕೆ ನಿನ್ನನ್ನು ಕರೀತಿದ್ದೆ."

ಶ್ರೀಮತಿಯ ಕಣ್ಣು ತುಂಬಿತು. ಸಿಟ್ಟಿಗೋ, ಬೇರೆ ಯಾವುದಕ್ಕೋ, ತಾರಾನಾಥರಿಗೆ ತಿಳಿಯಲಿಲ್ಲ.

"ಅಂಬಾದಾಸ ಅಷ್ಟು ಹೇಳುವಾಗ ನೀವು ಎಲ್ಲಿ ಇದ್ರಿ?"

"ಅಲ್ಲೇ ಇದ್ದೆ."

"ಇರಲಿಲ್ಲ. ಮನೆಯಲ್ಲೂ ಹಾಗೆಯೇ. ನಾನು ಹೇಳುವಾಗ ಅಲ್ಲೇ ಕೂತಿರ್ತೀರಿ, ಕೇಳುವುದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನಿಶಾಗೆ ಫೋನ್ ಮಾಡಿ. ಖಾರಘರ ಇಲ್ಲೇ ಅಲ್ವಾ? ಬರಲಿಕ್ಕೆ ಹೇಳಿ."

ತಾರಾನಾಥರು ಮೊಬೈಲು ಹೊರತೆಗೆದರು. ನಾಲ್ಕು ದಿನ ಕೇಳಿದ್ದರು, ಎರಡು ಗಂಟೆಯೂ ಆಗಿರಲಿಲ್ಲ. ಒಂದು ಮಾತು ಕೇಳುವುದಿಲ್ಲ ಎಂದು ತಾವೇ ಹೇಳಿದ್ದರಿಂದ ಯಾಕೆಂದು ಕೇಳಲಿಲ್ಲ. ಮಗಳಿಗೆ ಫೋನ್ ಮಾಡಿ ಜಾಗ ಹೇಳಿದರು.

ನಿಶಾ ಬರುವವರೆಗೆ ಗಾಡಿಯನ್ನಾದರೂ ಸರಿಮಾಡಬೇಕಿತ್ತು. ಶ್ರೀಮತಿ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತು, "ನೀರಿನ ಕ್ಯಾನು ಕ್ಯಾಂಪರಿನ ಒಳಗೇ, ಚಕ್ರಕ್ಕಿಂತ ಮುಂದೆ ಇಡಿ. ಉಳಿದದ್ದೆಲ್ಲ ಪಿಕಪ್ಪಿಗೆ ಹಾಕಿ," ಎಂದರು. ಹೇಳಿದರೇ ಹೊರತು ಕೈ ಹಾಕಲಿಲ್ಲ. ಅರವತ್ತಮೂರು ವರ್ಷದ ತಾರಾನಾಥರು ಬಿಸಿಲಲ್ಲಿ ಒಬ್ಬರೇ ಅಕ್ಕಿ ಹೊತ್ತರು, ಸಿಲಿಂಡರು ಉರುಳಿಸಿದರು, ತೆಂಗಿನಕಾಯಿ ಆಯ್ದರು. ಒಮ್ಮೆ ಅಭ್ಯಾಸಬಲದಿಂದ "ಸ್ವಲ್ಪ ಇದನ್ನು ಹಿಡಿ" ಎನ್ನಲು ಹೋಗಿ, ನಾಲಿಗೆ ಕಚ್ಚಿಕೊಂಡರು. ತೂಕವೇನೋ ಅಷ್ಟೇ ಇತ್ತು. ಪಿಕಪ್ಪಿಗೆ ಅದು ಮೊದಲೂ ಹೆಚ್ಚಾಗಿರಲಿಲ್ಲ; ಹೇರಿದ ಜಾಗ ತಪ್ಪಿತ್ತು, ಅಷ್ಟೆ. ಮೂವತ್ತಾರು ವರ್ಷ ಮನೆಯ ಭಾರವನ್ನೆಲ್ಲ ಯಾರ ಮೇಲೆ ಹೇರಿಟ್ಟಿದ್ದೆ ಎಂದು ಅವರು ಮೊದಲ ಸಲ ಯೋಚಿಸಿದರು, ನಾಚಿಕೆಯಾಯಿತು.

ನಿಶಾ ಕಾರಿನಲ್ಲಿ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ-ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ರಸ್ತೆಯ ಮೇಲೆ ಟೈರು ಉಜ್ಜಿದ ಕಪ್ಪು ಗೆರೆಗಳನ್ನು ನೋಡಿ ಅವಳ ಮುಖ ಬಿಳಿಚಿತು.

"ಪಪ್ಪಾ, ಯೇ ಸಬ್ ಕ್ಯಾ ಹೈ?"

ತಾರಾನಾಥರು ಗ್ರೈಂಡರನ್ನು ತಬ್ಬಿ ಎತ್ತಿಕೊಂಡು, ಏದುಸಿರು ಬಿಡುತ್ತಾ ಹೋಗಿ, ಮಗಳ ಕಾರಿನ ಡಿಕ್ಕಿಯಲ್ಲಿ ಇಟ್ಟರು. ಕಾವಲಿಯನ್ನೂ ಇಟ್ಟರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ನಿಶಾ ಪಿಕಪ್ಪಿನ ಬಾಗಿಲು ತೆರೆದು ಅಮ್ಮನ ಬ್ಯಾಗಿಗೆ ಕೈಹಾಕಿದಳು. ಹಾಕಿದವಳು ಅಪ್ಪನ ಕಡೆ ತಿರುಗಿ, ಅಮ್ಮ ತನ್ನ ಜೊತೆ ಬರುತ್ತಾಳಲ್ಲವೇ ಎಂದು ಕೇಳಿದಳು, "ಮಮ್ಮಿ ಆ ರಹೀ ಹೈ ನಾ ಮೇರೆ ಸಾಥ್?"

ಆ ಮನೆಯ ಪದ್ಧತಿಯೇ ಅದು. ಶ್ರೀಮತಿಗೆ ಜ್ವರ ಬಂದರೆ ಡಾಕ್ಟರಿಗೆ ಹೇಳುವವರು ತಾರಾನಾಥರು. ಶ್ರೀಮತಿ ಊರಿನ ಮದುವೆಗೆ ಬರುತ್ತಾರೋ ಎಂದು ನೆಂಟರು ಕೇಳುತ್ತಿದ್ದದ್ದೂ ತಾರಾನಾಥರನ್ನೇ. ಈಗಲೂ "ಇಲ್ಲ, ಸ್ವಲ್ಪ ಹೆದರಿದ್ದಾಳೆ ಅಷ್ಟೆ, ನಾವು ಹೊರಟೆವು" ಎಂದಿದ್ದರೆ ಶ್ರೀಮತಿ ನಾಲ್ಕು ಜನ ನೋಡುವ ರಸ್ತೆಯಲ್ಲಿ ಗಂಡನ ಮಾತು ತೆಗೆದುಹಾಕದೆ ಬಂದು ಕೂರುತ್ತಿದ್ದರು. ಅದು ತಾರಾನಾಥರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ತುಟಿಯವರೆಗೂ ಬಂದಿತ್ತು.

"ನನ್ನನ್ನು ಕೇಳಬೇಡ," ಎಂದರು. "ಅವಳನ್ನು ಕೇಳು."

ನಿಶಾ ಅಮ್ಮನ ಕಡೆ ನೋಡಿದಳು. ಶ್ರೀಮತಿ ಕಟ್ಟೆಯಿಂದ ಎದ್ದು ಸೀರೆ ಕೊಡವಿಕೊಂಡರು.

"ಗ್ರೈಂಡರ್ ಕೊಟ್ಟು ಕಳಿಸುವ ಅಂತಲೇ ನಿನ್ನನ್ನು ಕರೆಸಿದ್ದು," ಎಂದರು. ಗಂಡನ ಕಡೆ ಒಮ್ಮೆ ನೋಡಿದರು. "ನಾನು ಹೇಳುವ ಮೊದಲೇ ಅವರು ಇಟ್ಟಾಯ್ತು."

"ಔರ್ ತುಮ್, ಮಮ್ಮಿ?" ಎಂದಳು ನಿಶಾ.

"ಬೆಳಿಗ್ಗೆ ಹೊರಡುವಾಗ ನನಗೆ ಗೊತ್ತಿತ್ತು ಮಗಾ, ವಾಪಸ್ ಬರುವಾಗ ನಿನ್ನ ಮನೆಯಲ್ಲಿ ಇಳಿಯುವುದೇ ಅಂತ. ಈ ನಾಲ್ಕು ದಿನ ಇವರ ಸಮಾಧಾನಕ್ಕೆ. ಈಗ ಗೊತ್ತಿಲ್ಲ. ಸಮುದ್ರ ನೋಡಿ ಬರ್ತೇನೆ. ನಾಲ್ಕು ದಿನ ಕಳೆದು ಫೋನ್ ಮಾಡು. ನನಗೆ ಮಾಡು, ಪಪ್ಪನಿಗಲ್ಲ."

ಎಲ್ಲ ಮೊದಲೇ ತೀರ್ಮಾನವಾಗಿತ್ತೆಂದು ತಾರಾನಾಥರಿಗೆ ಆಗ ತಿಳಿಯಿತು. ತಾವು ಗೆಲ್ಲಲು ಹೊರಟಿದ್ದ ಆಟ ಡೊಂಬಿವಲಿಯಲ್ಲೇ ಸೋತು ಹೋಗಿತ್ತು. ಆದರೂ ಆ "ಗೊತ್ತಿಲ್ಲ" ಎಂಬ ಮಾತಿಗೆ ಸಂತೋಷವಾಯಿತು. ಮುಖ ಆಚೆ ತಿರುಗಿಸಿ ಕೊಂಡಿಯನ್ನೂ ಸರಪಳಿಯನ್ನೂ ಇನ್ನೊಮ್ಮೆ ಎಳೆದು ನೋಡಿದರು. ಬಿಗಿಯಾಗಿಯೇ ಇದ್ದವು. ಕೈ ಒರೆಸಿಕೊಂಡು ಬಂದು ಹೆಂಡತಿಯ ಎದುರು ನಿಂತರು.

"ಹೊರಡುವಾ?" ಎಂದು ಕೇಳಿದರು.

"ಇರಿ," ಎಂದರು ಶ್ರೀಮತಿ. "ಮಗಳ ಹತ್ತಿರ ಮಾತಾಡ್ತಿದ್ದೇನೆ ಅಲ್ವಾ?"

ತಾರಾನಾಥರು ಕೀಲಿಯನ್ನು ಕೈಯಲ್ಲಿ ಹಿಡಿದು, ಅವರ ಮಾತು ಮುಗಿಯುವವರೆಗೆ ಅಲ್ಲೇ ನಿಂತುಕೊಂಡರು.