ಗೆದ್ದವರ ಕಕ್ಕಸು

ಎಂಟು ವರ್ಷ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಅಂಗಿಯನ್ನು ಫ್ರಿಂಪೊಮಾ ಆ ಬೆಳಿಗ್ಗೆ ತೊಟ್ಟುಕೊಂಡೇ ಮನೆ ಬಿಟ್ಟಳು. ಅಂಗಿಯ ಎದೆಯ ಮೇಲೆ ದೊಡ್ಡದೊಂದು ಮಡಕೆಯ ಚಿತ್ರ. ಮಡಕೆ ಪಕ್ಷ ಗೆದ್ದಿತ್ತು. ಏಣಿ ಪಕ್ಷದವರು ಎಂಟು ವರ್ಷ ಆಳಿ, ಮೊನ್ನೆ ತಾನೇ ರಾಜಧಾನಿ ಅಕ್ರಾದಲ್ಲಿ ಕುರ್ಚಿ ಬಿಟ್ಟು ಇಳಿದಿದ್ದರು. ಕುಮಾಸಿಯ ಬೀದಿಗಳಲ್ಲಿ ಎರಡು ದಿನ ಡೋಲು ಬಡಿದದ್ದೇ ಬಡಿದದ್ದು. ಐವತ್ತು ದಾಟಿದ, ಮಂಡಿ ನೋವಿನ ಫ್ರಿಂಪೊಮಾ ಕೂಡ ಕುಣಿದಿದ್ದಳು. ಯಾಕೆ ಕುಣಿಯಬಾರದು? ಇನ್ನು ತನ್ನ ಕಕ್ಕಸಿನ ತಂಟೆಗೆ ಬರುವ ಗಂಡಸು ಈ ಕೇರಿಯಲ್ಲಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಕಕ್ಕಸು ಅಂತ ಯಾರೂ ಮೂಗು ಮುರಿಯಬೇಕಿಲ್ಲ. ಇಪ್ಪತ್ತು ಬಾಗಿಲಿನ ಕಕ್ಕಸು ಅದು, ಹೆಂಗಸರಿಗೆ ಹತ್ತು, ಗಂಡಸರಿಗೆ ಹತ್ತು. ಆ ಕೇರಿಯ ಮನೆಗಳೆಂದರೆ ನಡುವೆ ಅಂಗಳ, ಸುತ್ತಲೂ ಕೋಣೆ, ಕೋಣೆಗೊಂದು ಸಂಸಾರ. ಇಷ್ಟಿದ್ದರೂ ಯಾವ ಮನೆಗೂ ಕಕ್ಕಸಿಲ್ಲ. ಕಟ್ಟಡ ನಗರಸಭೆಯದು, ಬಂದವರಿಂದ ಕಾಸು ಪಡೆದು ನಡೆಸುವುದು ಇವಳು. ಹತ್ತು ವರ್ಷದ ಕರಾರು, ಇನ್ನೂ ಎರಡು ವರ್ಷ ಬಾಕಿಯಿತ್ತು. ಕೊಳವೆ ಬಾವಿ ತೋಡಿಸಿದವಳು ಇವಳು, ಮೇಲೆ ಕಪ್ಪು ಟ್ಯಾಂಕ್ ಕೂರಿಸಿದವಳು ಇವಳು, ಗುಂಡಿ ತುಂಬಿ ಉಕ್ಕುವ ಮೊದಲೇ ಹೀರುವ ಲಾರಿಯನ್ನು ಬೈದು ಕರೆಸುವವಳೂ ಇವಳೇ. ನೆಲವನ್ನು ದಿನಕ್ಕೆ ನಾಲ್ಕು ಸಲ ಎದುರು ನಿಂತು ತೊಳೆಸುತ್ತಿದ್ದಳು. ಸಾವಿಗೋ ಮದುವೆಗೋ ಬಂದ ನೆಂಟರನ್ನು ಜನ ಹೆಮ್ಮೆಯಿಂದ ಇಲ್ಲಿಗೇ ಕರೆತರುತ್ತಿದ್ದರು. ಗಂಡ ಸತ್ತ ಮೇಲೆ ಅವಳಿಗೆ ಕೇರಿಯಲ್ಲಿ ಹೆಸರು ಅಂತ ಇದ್ದರೆ ಅದು ಈ ಇಪ್ಪತ್ತು ಬಾಗಿಲಿನಿಂದಲೇ. ಇದು ಕೈ ತಪ್ಪಿದರೆ ಅವಳನ್ನು ಕೇಳುವವರು ಯಾರೂ ಇಲ್ಲ.

ಕೈ ತಪ್ಪುವುದೇನು ಹೊಸದಲ್ಲ. ಸರ್ಕಾರ ಬದಲಾದಾಗಲೆಲ್ಲ ಗೆದ್ದ ಪಕ್ಷದ ಗಂಡಸರು ಬೀಗ ಹಿಡಿದು ಊರಿನ ಕಕ್ಕಸುಗಳಿಗೆ ನುಗ್ಗುವುದು ನಡೆದುಕೊಂಡೇ ಬಂದಿದೆ. ಮಂತ್ರಿಗಿರಿ ದೊಡ್ಡವರಿಗೆ, ಕಕ್ಕಸು ಸಣ್ಣವರಿಗೆ. ನಾಚಿಕೆಗೇಡು, ಆದರೆ ಯಾರೂ ನಾಚಿದ್ದನ್ನು ಕಂಡವರಿಲ್ಲ. ಎಂಟು ವರ್ಷದ ಹಿಂದೆ ಏಣಿಯವರು ಹಾಗೆ ನುಗ್ಗಿದಾಗಲೂ ಫ್ರಿಂಪೊಮಾಳ ಕಕ್ಕಸು ಮಾತ್ರ ಅವಳ ಕೈಯಲ್ಲೇ ಉಳಿದಿತ್ತು. ಈಗಂತೂ ಗೆದ್ದವರು ತನ್ನವರೇ.

ಮರಳುಗಾಡಿನಿಂದ ಬಂದ ಧೂಳು ಬೀದಿಯ ತುಂಬ ಕವಿದಿತ್ತು. ಆ ಮಬ್ಬಿನಲ್ಲಿ ಕಕ್ಕಸಿನ ಹೊರ ಗೇಟಿನ ಮುಂದೆ ಆರು ಜನ ಗಂಡಸರು ನಿಂತಿದ್ದರು. ಎಲ್ಲರ ಎದೆಯ ಮೇಲೂ ಮಡಕೆ. ಫ್ರಿಂಪೊಮಾಳ ಕಣ್ಣು ತುಂಬಿ ಬಂತು.

"ಕಾವಲಿಗೆ ಬಂದ್ರೇನ್ರಪ್ಪಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಬಿಸಿ ಗಂಜಿ ತರಿಸ್ಲಾ?"

ಅವಳು ಹತ್ತಿರ ಬಂದು ನೋಡಿದರೆ ಅವಳ ಬೀಗದ ಮೇಲೆ ಇನ್ನೊಂದು ಸರಪಳಿ, ಆ ಸರಪಳಿಗೆ ಮುಷ್ಟಿ ಗಾತ್ರದ ಹೊಸ ಬೀಗ.

"ಬೀಗದ ಕೈ ಕೊಡು ಮಾಮೆ," ಎಂದ ಮುಂದೆ ನಿಂತಿದ್ದ ಸಾರ್ಪಾಂಗ್. ಗ್ಯಾರೇಜಿನ ಬೀದಿಯಲ್ಲಿ ಹಳೆಯ ಎಂಜಿನ್ ಬಿಡಿಭಾಗ ಮಾರುವವನು, ನಲವತ್ತರ ಆಸುಪಾಸು. ಅಲ್ಲಿ ಹಿರಿಯ ಹೆಂಗಸರನ್ನೆಲ್ಲ ಮಾಮೆ, ಅಂದರೆ ಅಮ್ಮ, ಎಂದೇ ಕರೆಯುವುದು. "ಎಲ್ಲಾ ಬಾಗಿಲದೂ. ಪಂಪಿಂದೂ."

"ಲೋ ಸಾರ್ಪಾಂಗ್, ಬೆಳ್ಳಂಬೆಳಿಗ್ಗೆ ಕುಡಿದು ಬಂದಿದ್ದೀಯೇನೋ? ನನ್ನ ಅಂಗಿ ಮೇಲೆ ಏನೈತೆ ನೋಡೋ!"

"ನೋಡ್ದೆ. ಇಸ್ತ್ರಿ ಚೆನ್ನಾಗಿ ಹೊಡ್ದಿದ್ದೀಯ." ಅವನು ತನ್ನ ಅಂಗಿಯನ್ನು ಎಳೆದು ತೋರಿಸಿದ. ಬಣ್ಣ ಹೋಗಿ, ಹೆಗಲಲ್ಲಿ ಹರಿದು, ಮಡಕೆ ಅಂತ ಗುರುತು ಸಿಗುವುದೇ ಕಷ್ಟವಾಗಿತ್ತು. "ಇದು ಎಂಟು ವರ್ಷ ಏಟು ತಿಂದೈತೆ. ನಿಂದು ಪೆಟ್ಟಿಗೇಲಿ ನಿದ್ದೆ ಹೊಡೀತಿತ್ತು."

"ನಾನೂ ಮಡಕೆಯೋಳೇ ಕಣೋ! ಪ್ರತಿ ಸಲ ಮಡಕೆಗೇ ಹಾಕಿದ್ದೀನಿ!"

"ಹಾಕಿರ್ಬೌದು. ಆದ್ರೆ ನಮ್ಮೋರು ಒಬ್ಬೊಬ್ರೂ ಏನಾದ್ರೂ ಕಳ್ಕೊಂಡವ್ರೆ. ನಂದು ಲಾರಿ ನಿಲ್ದಾಣದ ಕಕ್ಕಸು ಹೋಯ್ತು. ಇವಂದು ಕಾವಲುಗಾರನ ಕೆಲ್ಸ ಹೋಯ್ತು. ನೀನೇನು ಕಳ್ಕೊಂಡೆ ಹೇಳು ಮಾಮೆ. ಒಂದೇ ಒಂದು ಹೇಳು, ಬೀಗ ತೆಗೆದು ಕಾಲಿಗೆ ಬಿದ್ದು ಹೋಗ್ತೀನಿ."

ಫ್ರಿಂಪೊಮಾ ಬೆರಳು ಮಡಿಸಿ ಎಣಿಸಲು ಹೊರಟಳು. ಮೊದಲ ಬೆರಳಿಗೂ ಒಂದು ನಷ್ಟ ಸಿಗಲಿಲ್ಲ. ಏನನ್ನೂ ಕಳೆದುಕೊಳ್ಳದೇ ಇರುವುದು ತಪ್ಪಾಗಬಹುದು ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ತನ್ನವರು ಗೆದ್ದರೆಂದು ಮೊನ್ನೆ ಕುಣಿದದ್ದಕ್ಕೆ ಮಂಡಿ ಇನ್ನೂ ನೋಯುತ್ತಿತ್ತು.

ಅಷ್ಟು ಹೊತ್ತಿಗೆ ಕಕ್ಕಸಿಗೆ ಬಂದವರ ಸಾಲು ಬೆಳೆದಿತ್ತು. ಎಲ್ಲರಿಗಿಂತ ಮುಂದೆ ಎಂಬತ್ತರ ನಾನಾ ಸೆರ್ವಾ, ಕೋಲೂರಿಕೊಂಡು. ಕೇರಿಯಲ್ಲಿ ಎಲ್ಲರಿಗೂ ನಾನಾ, ಅಂದರೆ ಅಜ್ಜಿ, ಆಗಿದ್ದ ಮುದುಕಿಗೆ ನಾಲಗೆ ಮಾತ್ರ ಹದಿನೆಂಟರದು.

"ಜಗಳ ಆಮೇಲಾಡ್ರೋ. ಸರ್ಕಾರ ಬದಲಾಗಿರೋದು ನನ್ನ ಹೊಟ್ಟೆಗೆ ಗೊತ್ತಿಲ್ಲ."

"ಸ್ವಲ್ಪ ತಡ್ಕೊ ನಾನಾ."

"ತಡ್ಕೊಳ್ಳೋ ವಯಸ್ಸೇನೋ ಇದು? ಹೋಗ್ಲಿ, ಸಾಲಲ್ಲಿ ಏಳನೆಯೋಳು ಯಾರು ನೋಡು. ನಿಮ್ಮವ್ವ."

ಸಾರ್ಪಾಂಗ್ ಕತ್ತು ಉದ್ದ ಮಾಡಿ ನೋಡಿದ. ಹೌದು, ಅವನ ತಾಯಿಯೇ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮಗನನ್ನು ಸುಟ್ಟುಬಿಡುವಂತೆ ನೋಡುತ್ತಿದ್ದಳು. ಜನ ಗೊಳ್ಳೆಂದರು. ಅವನ ಮುಖ ಕಪ್ಪಿಟ್ಟಿತು, ಆದರೂ ಜಗ್ಗಲಿಲ್ಲ. "ಪಟ್ಟೀಲಿ ಹೆಸರಿರೋರು ಒಂಬತ್ತಕ್ಕೆ ಬರ್ತಾರೆ. ಬೀಗದ ಕೈ ಅವ್ರ ಕೈಗೆ ಬೀಳ್ಲಿ, ಆಗ್ಲೇ ತೆಗೆಯೋದು."

"ಯಾವ ಪಟ್ಟಿ?"

"ನೊಂದೋರ ಪಟ್ಟಿ. ಎಂಟು ವರ್ಷದಿಂದ ಬರೆದಿಟ್ಟಿದ್ದೀವಿ."

ಸಾಲಿನಲ್ಲಿ ತಡೆಯಲಾರದವರು ಪ್ಲಾಸ್ಟಿಕ್ ಚೀಲ ಹಿಡಿದು ಹಳೆಯ ರೈಲು ಹಳಿಯ ಕಡೆ ಓಡಿದರು. ಫ್ರಿಂಪೊಮಾ ಕರಾರು ಪತ್ರವನ್ನು ಎದೆಗೆ ಅವಚಿಕೊಂಡು ನಗರಸಭೆಯ ಕಚೇರಿಗೆ ಓಡಿದಳು. ಸರ್ಕಾರದ ಮೊಹರು ಬಿದ್ದ ಕಾಗದ, ಅದಕ್ಕೂ ಬೆಲೆಯಿಲ್ಲದಿದ್ದರೆ ಈ ದೇಶಕ್ಕೆ ಸರ್ಕಾರ ಯಾಕೆ ಎಂದು ದಾರಿಯುದ್ದಕ್ಕೂ ಗೊಣಗುತ್ತಲೇ ಹೋದಳು.

ಕಚೇರಿಯಲ್ಲಿದ್ದದ್ದು ಒಬ್ಬನೇ ಗುಮಾಸ್ತ. ಅವನು ಬಾಗಿಲ ಹೊರಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

"ನಿಮ್ಮದೊಂದೇ ಅಲ್ಲ ಮಾಮೆ. ಇಲ್ಲಿಗೂ ಬಂದಿದ್ರು. ನಮ್ಮ ಆಫೀಸಿನ ಕಕ್ಕಸಿಗೇ ಬೀಗ ಜಡಿದು ಹೋದ್ರು. ನಾನು ಈಗಷ್ಟೇ ಎದುರಿನ ಚರ್ಚಿಗೆ ಹೋಗಿ, ಪಾದ್ರಿಗಳ ಕಾಲು ಹಿಡಿದು, ಕೆಲ್ಸ ಮುಗಿಸ್ಕೊಂಡು ಬಂದೆ."

ಫ್ರಿಂಪೊಮಾ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಇಡೀ ಊರಿನ ಕಕ್ಕಸುಗಳ ಯಜಮಾನನಿಗೇ ಈ ಗತಿ. ಆದರೂ ಪತ್ರವನ್ನು ಅವನ ಮುಂದೆ ಹಿಡಿದಳು. ಅವನು ಸಾಲು ಸಾಲಾಗಿ ಓದಿದ.

"ಮೊಹರು ಸರಿಯಾಗಿದೆ. ತಾರೀಖು ಸರಿಯಾಗಿದೆ. ಆದ್ರೆ ನಡೆಸೋರು ಅನ್ನೋ ಕಡೆ ಎರಡು ಹೆಸರಿದ್ಯಲ್ಲ? ಬೊಆಟೆಮಾ ಅಂದ್ರೆ ಯಾರು?"

"ನನ್ನ ಗೆಳತಿ ಸಾರ್. ಇಬ್ರೂ ಸೇರಿ ಅರ್ಜಿ ಹಾಕಿದ್ವಿ. ಅವ್ಳು ಆಗ್ಲೇ ಬಿಟ್ಟು ಹೋದ್ಲು. ಟೆಚಿಮನ್ ಊರಿಗೆ."

"ಬಿಟ್ಟೆ ಅಂತ ಬರೆದುಕೊಟ್ಟಿದ್ದಾರಾ?"

"ಇಲ್ಲ."

"ಹಾಗಾದ್ರೆ ಅವ್ರನ್ನ ಕರ್ಕೊಂಡು ಬನ್ನಿ. ಇಬ್ರೂ ಇಲ್ಲಿ ಸಹಿ ಹಾಕಿದ್ರೆ ನಾನು ಪೊಲೀಸರಿಗೆ ಬರೆಯೋದಕ್ಕೆ ದಾರಿಯಾಗುತ್ತೆ. ಒಬ್ಬರದೇ ಆದ್ರೆ ನನ್ನ ಕೈಲಿ ಆಗೋದಿಲ್ಲ."

ಅವಳಿಗೆ ಹೋದ ಜೀವ ಬಂದಂತಾಯಿತು. ಬೊಆಟೆಮಾಳನ್ನು ಹುಡುಕಿದರೆ ಆಯಿತು. ಮಾರುಕಟ್ಟೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಗೆಣಸು ಮಾರಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಬೊಆಟೆಮಾ ಬಾಯಿ ಜೋರಿನವಳು, ಮಡಕೆಯ ಮೆರವಣಿಗೆ ಎಂದರೆ ಮುಂದೆ ನಿಲ್ಲುವವಳು. ಏಣಿಯವರು ಬಂದ ಗಲಾಟೆಗೆ ಹೆದರಿ ಊರು ಬಿಟ್ಟಳು. ಕೇಳಿದವರಿಗೆಲ್ಲ ಫ್ರಿಂಪೊಮಾ ಹಾಗೆಯೇ ಹೇಳಿದ್ದಳು, ಹೇಳಿ ಹೇಳಿ ತಾನೂ ಹಾಗೆಯೇ ನಂಬಿದ್ದಳು. ಹಳೆಯ ಗೆಳತಿ ಒಂದು ಸಹಿ ಹಾಕದೆ ಇರುತ್ತಾಳೆಯೇ?

ಕೇರಿಗೆ ಮರಳಿದಾಗ ಒಂಬತ್ತೂವರೆ. ಕಕ್ಕಸಿನ ಗೇಟಿನ ಮುಂದೆ ಸ್ಟೂಲಿನ ಮೇಲೆ ಒಳ್ಳೆಯ ಬಟ್ಟೆ ಉಟ್ಟ ಹೆಂಗಸೊಬ್ಬಳು ಕೂತಿದ್ದಳು. ತಲೆ ನರೆತಿತ್ತು. ಗುರುತು ಸಿಗಲು ಒಂದು ಕ್ಷಣ ಹಿಡಿಯಿತು.

"ಬೊಆಟೆಮಾ! ಅಯ್ಯೋ ನನ್ನ ತಾಯಿ, ದೇವರೇ ಕಳಿಸ್ದ ನಿನ್ನ! ಬಾ, ಆಫೀಸಿಗೆ ಹೋಗೋಣ, ಒಂದು ಸಹಿ..."

ಬೊಆಟೆಮಾ ಏಳಲಿಲ್ಲ. ಸಾರ್ಪಾಂಗ್ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಗಟ್ಟಿಯಾಗಿ ಓದಿದ. "ಬೊಆಟೆಮಾ. ಕಳೆದುಕೊಂಡದ್ದು, ಇಪ್ಪತ್ತು ಬಾಗಿಲಿನ ಕಕ್ಕಸು. ಕಾರಣ, ಫ್ರಿಂಪೊಮಾ."

"ನಾನು ಕಾರಣಾನೇ?" ಫ್ರಿಂಪೊಮಾಳ ಸ್ವರ ಕೀರಲಾಯಿತು. "ಓಡಿಸಿದ್ದು ಏಣಿಯೋರು ಕಣೇ!"

"ಏಣಿಯೋರಿಗೆ ನನ್ನ ಮುಖ ಗೊತ್ತಿತ್ತೇನಕ್ಕ?" ಬೊಆಟೆಮಾ ಕೂಗಾಡಲಿಲ್ಲ, ಕೂಗಾಡಿದ್ದರೆ ಒಳ್ಳೆಯದಿತ್ತು. "ಬಂದೋರೆಲ್ಲ ಬೇರೆ ಕೇರಿಯೋರು. ನಾನು ಒಳಗೆ ನೆಲ ತೊಳೀತಿದ್ದೆ. ಇಲ್ಲಿ ಮಡಕೆಯೋರು ಯಾರು ಅಂತ ಅವ್ರು ಗೇಟಲ್ಲಿ ನಿಂತು ಕೇಳಿದ್ರು. ನೀನೇನೋ ಹೇಳ್ದೆ. ಅವ್ರು ನೇರವಾಗಿ ಒಳಗೆ ಬಂದು ನನ್ನ ತಲೆಗೂದಲು ಹಿಡಿದು ಎಳ್ಕೊಂಡು ಹೋದ್ರು. ಏನು ಹೇಳ್ದೆ?"

ಫ್ರಿಂಪೊಮಾ ಕೈಯಲ್ಲಿದ್ದ ಕರಾರು ಪತ್ರವನ್ನು ಮಡಿಸಿ ಮಡಿಸಿ ಸಣ್ಣದು ಮಾಡಿದಳು.

"ನಂಗೆ ಈ ಕಕ್ಕಸು ಬೇಕಾಗಿಲ್ಲ," ಬೊಆಟೆಮಾ ಮುಂದುವರಿಸಿದಳು. "ಟೆಚಿಮನ್‌ನಲ್ಲಿ ಟೊಮೆಟೊ ವ್ಯಾಪಾರ ಐತೆ, ಊಟಕ್ಕೆ ಕೊರತೆ ಇಲ್ಲ. ಆದ್ರೆ ನಾನು ಹೆದರಿ ಓಡಿದೆ ಅಂತ ನೀನು ಊರಿಗೆಲ್ಲ ಹೇಳ್ದೆ. ಅವತ್ತು ಏನು ಹೇಳ್ದೆ ಅನ್ನೋದನ್ನ ಇವ್ರ ಮುಂದೆ ಹೇಳಿಬಿಡು. ಹೇಳಿದ್ರೆ ಈಗ್ಲೇ ಬಂದು ಸಹಿ ಹಾಕ್ತೀನಿ. ಕಕ್ಕಸು ನೀನೇ ಇಟ್ಕೊ."

"ಇದೆಂಥ ಮಾತು ಮಾಮೆ?" ಸಾರ್ಪಾಂಗ್ ಹೌಹಾರಿದ. "ನಾವು ಬೆಳಿಗ್ಗೆಯಿಂದ ಇಲ್ಲಿ..."

"ನೀನು ಸುಮ್ನಿರು. ಪಟ್ಟೀಲಿರೋದು ನನ್ನ ಹೆಸರು."

ಒಂದೇ ಒಂದು ಮಾತು, ಇಪ್ಪತ್ತು ಬಾಗಿಲು ಅವಳದೇ. ಮಾತು ಅವಳಿಗೆ ಪೂರ್ತಿ ನೆನಪಿತ್ತು. ಅಕ್ಷರ ಅಕ್ಷರವೂ ನೆನಪಿತ್ತು; ಎಂಟು ವರ್ಷ ಅದರ ಮೇಲೆ ಕೂತಿದ್ದಳು, ಅಷ್ಟೇ. ಎದುರಿಗೆ ದಿನಾ ನೋಡುವ ಮುಖಗಳು, ಬಂದು ಹೋಗುವಾಗ ಕೈ ಮುಗಿಯುವ ಮುಖಗಳು. ಇವರ ಮುಂದೆ ಅದನ್ನು ಹೇಗೆ ಹೇಳುವುದು?

"ನಂಗೆ... ನೆನಪಿಲ್ಲ," ಎಂದಳು ಫ್ರಿಂಪೊಮಾ.

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಕಕ್ಕಸು ಉಳಿಸಿಕೊಳ್ಳಲು ಬೆಳಿಗ್ಗೆಯಿಂದ ಊರೆಲ್ಲ ಓಡಿದವಳು, ಕೈಗೆ ಬಂದದ್ದನ್ನು ತಾನೇ ಚೆಲ್ಲಿಬಿಟ್ಟಿದ್ದಳು.

"ನಂಗೆ ನೆನಪೈತೆ," ಎಂದಳು ನಾನಾ ಸೆರ್ವಾ. ಕೋಲೂರಿಕೊಂಡು ಸಾಲಿನಿಂದ ಒಂದು ಹೆಜ್ಜೆ ಈಚೆ ಬಂದಳು. "ಅವತ್ತೂ ಇಲ್ಲೇ ನಿಂತಿದ್ದೆ. 'ನಾನು ಯಾವ ಪಕ್ಷದೋಳೂ ಅಲ್ಲಪ್ಪ, ಮಡಕೆಯೋಳು ಒಳಗಿರೋ ಅವ್ಳು' ಅಂದೆ ನೀನು. ಬೆರಳು ಮಾಡಿ ತೋರಿಸ್ದೆ."

ಫ್ರಿಂಪೊಮಾ ಸಾಲಿನ ಕಡೆ ತಿರುಗಿದಳು. ಯಾರಾದರೂ ಸುಳ್ಳು ಅನ್ನುತ್ತಾರೆ ಎಂದುಕೊಂಡಳು. ಯಾರೂ ಅನ್ನಲಿಲ್ಲ. ಸಾರ್ಪಾಂಗನ ತಾಯಿ ನೆಲ ನೋಡಿದಳು. ಗಂಜಿ ಮಾರುವ ಹೆಂಗಸು ತಲೆವಸ್ತ್ರ ಸರಿಮಾಡಿಕೊಂಡಳು. ಹೊಲಿಗೆಯವನು ಕೆಮ್ಮಿದ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಮೊದಲ ದಿನದಿಂದಲೂ.

"ಗೊತ್ತಿದ್ದೂ... ಯಾಕೆ ಯಾರೂ ನನ್ನ ಕೇಳ್ಲಿಲ್ಲ ನಾನಾ?"

ಮುದುಕಿಯ ದನಿಯಲ್ಲಿ ಕುಹಕವಿರಲಿಲ್ಲ. "ಮಾರನೇ ದಿನ ಬಾಗಿಲು ತೆಗೆದಿತ್ತಲ್ಲ ಮಗಳೇ. ನೆಲ ಚೊಕ್ಕಟವಾಗಿತ್ತು. ನಮಗೆ ಹೋಗ್ಬೇಕಿತ್ತು. ನಾವೂ ಬಾಯಿ ಮುಚ್ಕೊಂಡು ಹೋದ್ವಿ."

ಬೊಆಟೆಮಾ ಎದ್ದು ಬಂದು ಕೈ ಚಾಚಿದಳು. ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ಸುಸ್ತು ಮಾತ್ರ ಇತ್ತು. ಫ್ರಿಂಪೊಮಾ ಸೊಂಟದಿಂದ ಬೀಗದ ಕೈ ಗೊಂಚಲನ್ನು ಬಿಚ್ಚಿ ಕೊಟ್ಟಳು. ಸಾರ್ಪಾಂಗ್ ಸರಪಳಿ ಎಳೆದ, ಗೇಟು ತೆರೆಯಿತು, ಸಾಲು ಒಳಗೆ ನುಗ್ಗಿತು. ಮೊದಲು ನಾನಾ ಸೆರ್ವಾ, ಅವಳ ಹಿಂದೆ ಉಳಿದವರು.

ಒಬ್ಬೊಬ್ಬರೂ ದಾಟುವಾಗ ಬೊಆಟೆಮಾಗೆ ತಲೆ ಬಾಗಿಸಿದರು. "ಎದ್ರಾ ಮಾಮೆ? ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮಾಮೆ." ನಿನ್ನೆಯವರೆಗೂ ಫ್ರಿಂಪೊಮಾಗೆ ಹೇಳುತ್ತಿದ್ದ ಮಾತು, ಅದೇ ದನಿ, ಅಷ್ಟೇ ಅಕ್ಕರೆ. ಒಂದು ಗುಲಗಂಜಿಯಷ್ಟೂ ಹೆಚ್ಚು ಕಡಿಮೆಯಿರಲಿಲ್ಲ. ಎಂಟು ವರ್ಷ ಅದನ್ನು ತನಗೇ ಹೇಳುತ್ತಿದ್ದಾರೆಂದು ಅವಳು ತಿಳಿದಿದ್ದಳು.

ಅವಳೂ ಬೆಳಿಗ್ಗೆಯಿಂದ ತಡೆದುಕೊಂಡಿದ್ದಳು. ಮನೆಯಲ್ಲಿ ಕಕ್ಕಸಿಲ್ಲ. ರೈಲು ಹಳಿ ದೂರ. ಎಲ್ಲರನ್ನೂ ದಾಟಿ ಸಾಲಿನ ಕೊನೆಗೆ ನಡೆದಳು. ಹೊಲಿಗೆಯವನ ಹೆಂಡತಿ ಅವಳಿಗೆ ನಿಲ್ಲಲು ಜಾಗ ಬಿಟ್ಟು, "ಇವತ್ತು ಸಾಲು ಬೇಗ ಹೋಗ್ತೈತೆ ಬಿಡಿ," ಎಂದಳು.