ಉದುರಿದ ಹೂವಿನ ತಪ್ಪು

ಚಿಕ್ಕೇರೂರಿನ ಗುಡ್ಡಪ್ಪ ತನ್ನ ಹೊಲದಲ್ಲಿ ಬಿಳಿ ನೆಟ್ ಕಟ್ಟಿಸಿ ಒಂದು ಬೀಜದ ಕಂಪನಿಗೆ ಟೊಮ್ಯಾಟೊ ಬೀಜ ಬೆಳೆದು ಕೊಡುತ್ತಿದ್ದ. ಆ ನೆಟ್ಟಿನೊಳಗೆ ಕ್ರಾಸಿಂಗ್ ಮಾಡುವ ಹೆಂಗಸರಿಗೆಲ್ಲ ನಾಗರತ್ನಾ ಮುಂದಾಳು. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಚಿಮಟಿಗೆಯಿಂದ ಅದರ ಕೇಸರ ಕೀಳಬೇಕು. ಮರುದಿನ ಮುಂಜಾನೆ ಗಂಡು ಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಸ್ವಲ್ಪ ಒತ್ತಿದರೂ ಹೂವು ಸಾಯುತ್ತದೆ. ಬಗ್ಗಿದ ಸೊಂಟ ಬಗ್ಗಿದಂತೆಯೇ ಇರಬೇಕು, ಕೈ ಮಾತ್ರ ಹಗುರವಾಗಿರಬೇಕು. ನಾಗರತ್ನಾ ಈ ಕೆಲಸವನ್ನು ಮದುವೆಯಾಗಿ ಬಂದಾಗಿನಿಂದ ಮಾಡುತ್ತ ಬಂದವಳು.

ಅವಳು ಕಲಿಸಿದವರಲ್ಲಿ ಎಲ್ಲರಿಗಿಂತ ಹಗುರ ಕೈ ಸುಜಾತಾಳದು. ಉಡಚವ್ವನ ಮಗಳು, ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿ. ಅವಳು ಮುಟ್ಟಿದ ಸಾಲಿನಲ್ಲಿ ಕಾಯಿ ಕಟ್ಟದ ಹೂವು ಹುಡುಕಬೇಕಾಗುತ್ತಿತ್ತು.

ಆ ವರ್ಷ ಶಿವರಾತ್ರಿ ಕಳೆಯುತ್ತಿದ್ದಂತೆ ಬಿಸಿಲು ಬಿದ್ದ ರೀತಿಯೇ ಬೇರೆ. ಹಗಲಿನದು ಹೋಗಲಿ, ರಾತ್ರಿಯೂ ನೆಲ ಆರುತ್ತಿರಲಿಲ್ಲ. ನಸುಕಿನಲ್ಲಿ ನೆಟ್ಟಿನ ಬಾಗಿಲು ತೆರೆದರೆ ಒಲೆಯ ಬಾಯಿಂದ ಬಂದಂಥ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಮುಟ್ಟಿಸಿದ ಹೂವುಗಳು ಕಾಯಿ ಕಟ್ಟದೆ, ತೊಟ್ಟು ಹಳದಿಯಾಗಿ, ಸಾಲುಸಾಲಾಗಿ ಉದುರತೊಡಗಿದವು.

ಕಂಪನಿಯ ಪರವಾಗಿ ಹೊಲ ನೋಡಲು ಬರುತ್ತಿದ್ದವನು ಮಹಾಂತೇಶ. ಅವನನ್ನು ಎಲ್ಲರೂ ಆರ್ಗನೈಸರ್ ಎನ್ನುತ್ತಿದ್ದರು. ಒಂದು ಮುಂಜಾನೆ ಅವನು ಉದುರಿದ ಹೂವುಗಳನ್ನು ಅಂಗೈಯಲ್ಲಿ ಬಾಚಿಕೊಂಡು ಬಂದು, ಹೆಂಗಸರನ್ನೆಲ್ಲ ನೆಟ್ಟಿನ ಬಾಗಿಲಲ್ಲಿ ನಿಲ್ಲಿಸಿದ. ಗಿಡಕ್ಕೆ ನೀರು ಸರಿಯಿದೆ, ಔಷಧ ಸರಿಯಿದೆ, ಅಂದ ಮೇಲೆ ತಪ್ಪು ಕೈಯದೇ ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ನಿಮ್ಮೊಳಗ ಮುಟ್ಟಾದಾಕಿ ಯಾರರ ಒಳಗ ಬಂದಾಳೇನು? ಖರೇ ಹೇಳ್ರಿ."

ಯಾರೋ ಒಬ್ಬಳ ಕಣ್ಣು ಸುಜಾತಾಳ ಕಡೆ ಹೊರಳಿತು, ಅಷ್ಟೇ ಸಾಕಾಯಿತು. ಮಹಾಂತೇಶ ಅವಳನ್ನು ಸಾಲಿನಿಂದ ಹೊರಗೆ ಕರೆದು, ಚಿಮಟಿಗೆ ಇಸಿದುಕೊಂಡು, ಇವತ್ತಿನಿಂದ ನೀನು ಹೊರಗಿನ ಕಸ ತೆಗೆ ಎಂದ. ಗುಡ್ಡಪ್ಪ ಪಕ್ಕದಲ್ಲೇ ನಿಂತಿದ್ದ. ತಲೆ ಕೆರೆದುಕೊಂಡು ಪಂಪಿನ ಕಡೆ ನಡೆದ. ನಾಗರತ್ನಾ ಉಳಿದವರನ್ನು ಕರೆದುಕೊಂಡು ಒಳಗೆ ಹೋದಳು. ಹುಡುಗಿ ಮಧ್ಯಾಹ್ನದವರೆಗೆ ಉರಿಬಿಸಿಲಲ್ಲಿ ಕುಂತು ಕಸ ಕಿತ್ತು ಮನೆಗೆ ಹೋದವಳು ಮತ್ತೆ ಬರಲಿಲ್ಲ.

ಹೂವುಗಳು ಉದುರುತ್ತಲೇ ಇದ್ದವು. ಬೇರೆಯವರ ಕೈಗೆ ಹೋದ ಸುಜಾತಾಳ ಸಾಲು ಎಲ್ಲಕ್ಕಿಂತ ಹೆಚ್ಚು ಬರಿದಾಯಿತು. ಮಹಾಂತೇಶ ಈಗ ಹೊಸ ನಿಯಮ ಮಾಡಿದ: ದಿನಾ ಬಾಗಿಲಲ್ಲೇ ನಾಗರತ್ನಾ ಒಬ್ಬೊಬ್ಬಳನ್ನೂ ಕೇಳಿ ಒಳಗೆ ಬಿಡಬೇಕು. ಅವಳು ಹೂಂ ಎಂದಳು, ಯಾರನ್ನೂ ಕೇಳಲಿಲ್ಲ. ಸಂಜೆ ಅವನು ವಿಚಾರಿಸಿದರೆ ಎಲ್ಲಾರನ್ನೂ ಕೇಳೇನ್ರಿ ಎಂದು ಸುಳ್ಳು ಹೇಳುತ್ತಿದ್ದಳು. ಸುಳ್ಳು ಹೇಳಬೇಕಾಗಿ ಬಂದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಕಂಪನಿಯವರು ಹಾನಗಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಬೀಜ ಬೆಳೆಯುವವರ ಸಭೆ ಕರೆದರು. ಬೆಳೆಗಾರರ ಜೊತೆ ಕ್ರಾಸಿಂಗ್ ಮುಂದಾಳುಗಳೂ ಬರಬೇಕೆಂದು ಟೆಂಪೊ ಕಳಿಸಿದ್ದರು. ನಾಗರತ್ನಾ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು. ಎರಡೂ ಕಡೆ ದೊಡ್ಡ ಕೂಲರುಗಳು ಗುಂಯ್‌ಗುಡುತ್ತಿದ್ದವು. ಹುಬ್ಬಳ್ಳಿಯಿಂದ ಬಂದ ಅಧಿಕಾರಿಯೊಬ್ಬರು ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಒಂದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನದು, ಇನ್ನೊಂದು ಭೂಮಿಯ ಬಿಸಿಯದು. ಎರಡೂ ಏಣಿ ಹತ್ತಿದಂತೆ ಜೊತೆಜೊತೆಗೆ ಮೇಲೆ ಹೋಗಿದ್ದವು.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟಾಗ ಈ ಅನಿಲ ಗಾಳಿಗೆ ಸೇರುತ್ತದೆ, ಒಮ್ಮೆ ಸೇರಿದರೆ ನೂರಾರು ವರ್ಷ ಅಲ್ಲೇ ಉಳಿಯುವುದೂ ಉಂಟು ಎಂದು ಅವರು ವಿವರಿಸಿದರು. ಬಿಸಿಲನ್ನು ಅದು ತಡೆಯುವುದಿಲ್ಲ, ಒಳಗೆ ಬಿಡುತ್ತದೆ. ಕಾದ ನೆಲ ವಾಪಸು ಬಿಡುವ ಬಿಸಿಯನ್ನು ಮಾತ್ರ ಮೇಲೆ ಹೋಗಗೊಡದೆ ಹಿಡಿಯುತ್ತದೆ. ಅದಕ್ಕೇ ರಾತ್ರಿಗಳೂ ಆರುತ್ತಿಲ್ಲ ಎಂದರು. ಆ ಮಾತಿಗೆ ನಾಗರತ್ನಾ ಕುರ್ಚಿಯಲ್ಲಿ ಮುಂದೆ ಸರಿದಳು.

ಗುದ್ಲೆಪ್ಪ ಎಂಬ ವಯಸ್ಸಾದ ಬೆಳೆಗಾರರೊಬ್ಬರು ಎದ್ದು, "ಈ ಗಾಳಿ ಹೆಚ್ಚಾಗಿದ್ದಕ್ಕ ಬಿಸಿ ಏರೇತೋ, ಬಿಸಿ ಏರಿದ್ದಕ್ಕ ಗಾಳಿ ಹೆಚ್ಚಾಗೇತೋ, ಸಾಹೇಬ್ರ?" ಎಂದು ಕೇಳಿದರು. ಪ್ರಶ್ನೆ ಚಲೋ ಐತಿ ಎಂದು ಅಧಿಕಾರಿ ಒಪ್ಪಿಕೊಂಡರು. ಲಕ್ಷಾಂತರ ವರ್ಷಗಳ ಹಿಂದೆ ಮೊದಲು ಸ್ವಲ್ಪ ಬಿಸಿ ಏರಿ, ಸಮುದ್ರ ತನ್ನೊಳಗಿನ ಅನಿಲ ಬಿಟ್ಟು, ಅದರಿಂದ ಬಿಸಿ ಮತ್ತೂ ಏರಿದ್ದುಂಟು. ಆದರೆ ಈಗಿನದು ಹಾಗಲ್ಲ. ಈಗ ಅನಿಲವೇ ಮೊದಲು ಏರಿದೆ. ನೆಲದೊಳಗಿನ ಹಳೆಯ ಇಂಧನದ ಗುರುತು ಗಾಳಿಯಲ್ಲೇ ಸಿಕ್ಕಿದೆ, ಸುಟ್ಟವರು ಮನುಷ್ಯರೇ ಎಂದರು.

ಆಮೇಲೆ ಅವರು ಟೊಮ್ಯಾಟೊ ಹೂವಿನ ಚಿತ್ರ ಹಾಕಿದರು. ಹಗಲಿನ ಬಿಸಿ ಮಿತಿ ಮೀರಿದರೆ, ಅದರಲ್ಲೂ ರಾತ್ರಿ ತಂಪಾಗದಿದ್ದರೆ, ಗಂಡು ಗಿಡದ ಹೂವಿನ ಪುಡಿ ಮೊಗ್ಗಿನಲ್ಲೇ ಮುರುಟಿ ಸಾಯುತ್ತದೆ. ಸತ್ತ ಪುಡಿಯನ್ನು ಯಾರು ಮುಟ್ಟಿಸಿದರೂ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಬರುವ ಹಂಗಾಮಿಗೆ ಬಿಸಿ ತಾಳುವ ಹೊಸ ತಳಿ ತಂದಿದ್ದೇವೆ ಎಂದು ಹೇಳಿ ಅವರು ನೀರು ಕುಡಿದರು.

ನಾಗರತ್ನಾ ಎದ್ದು ನಿಂತಿದ್ದು ಅವಳಿಗೇ ತಿಳಿಯಲಿಲ್ಲ.

"ಸಾಹೇಬ್ರ, ಇದು ನಿಮಗ ಯಾವಾಗಿಂದ ಗೊತ್ತೈತ್ರಿ?"

ಐದಾರು ವರ್ಷ ಆಯಿತು, ನಮ್ಮ ಆರ್ಗನೈಸರಿಗೆಲ್ಲ ತರಬೇತಿಯಲ್ಲೇ ಹೇಳುತ್ತೇವೆ ಎಂದರು ಅವರು, ಸರಳವಾಗಿಯೇ.

"ಹಂಗಾರ ಇವ್ರಿಗೂ ಗೊತ್ತಿತ್ತು," ಎಂದು ಅವಳು ಗೋಡೆಗೆ ಒರಗಿ ನಿಂತಿದ್ದ ಮಹಾಂತೇಶನತ್ತ ಕೈ ತೋರಿಸಿದಳು. "ಗೊತ್ತಿದ್ದೂ ನಮ್ಮನ್ನ ಬಾಗಲದಾಗ ನಿಂದ್ರಿಸಿ ಮುಟ್ಟಾಗೀರೇನು ಅಂತ ಕೇಳಿದ್ರು. ಒಂದು ಹುಡುಗೀನ ಎಲ್ಲಾರ ಮುಂದ ಹೊರಗ ಹಾಕಿದ್ರು. ಈ ಎರಡು ಗೆರಿಯೊಳಗ ಆ ಹುಡುಗಿ ಮುಟ್ಟು ಎಲ್ಲಿ ಬರ್ತೈತಿ, ತೋರಿಸ್ರಿ."

ಮಹಾಂತೇಶ ನಕ್ಕು, ತಾನು ಹೇಳಿದ್ದು ಕೈ ಸ್ವಚ್ಛ ಇರಬೇಕೆಂದು, ಇವರು ತಪ್ಪು ತಿಳಿದುಕೊಂಡಿದ್ದಾರೆ ಎಂದ. ಆ ನಗುವೇ ಅವಳನ್ನು ಕೆರಳಿಸಿತು. ಅಧಿಕಾರಿಯ ಮುಖ ಕೆಂಪಾಗಿತ್ತು. ಅದಕ್ಕೂ ಹೂವಿಗೂ ಯಾವ ಸಂಬಂಧವೂ ಇಲ್ಲ, ಕಂಪನಿ ಹಾಗೆ ಹೇಳಿಲ್ಲ, ಈ ವಿಷಯ ಆಮೇಲೆ ಮಾತಾಡೋಣ ಎಂದರು.

"ಆಮೇಲೆ ಬ್ಯಾಡ್ರಿ. ಇವ್ರು ನಾಳೆ ನಮ್ಮ ಹೊಲಕ್ಕ ಬಂದು ಈ ಮಾತನ್ನ ಎಲ್ಲಾರ ಮುಂದ ಹೇಳ್ಲಿ. ಅಲ್ಲೀತನಕ ನಾವು ನೆಟ್ಟಿನೊಳಗ ಕಾಲಿಡಂಗಿಲ್ಲ."

ಊಟಕ್ಕೆ ನಿಲ್ಲದೆ ಅವಳು ಹೊರಗೆ ಬಂದುಬಿಟ್ಟಳು. ವಾಪಸು ಬರುವಾಗ ಗುಡ್ಡಪ್ಪ ಟೆಂಪೊದಲ್ಲಿ ಅವಳ ಪಕ್ಕ ಕುಳಿತು, ಕಂಪನಿಯವರು ಬೀಜದ ಪ್ಲಾಟಿನ ಕರಾರು ರದ್ದು ಮಾಡಿದರೆ ನನ್ನ ಗತಿಯೇನು ಎಂದು ಗೊಣಗಿದ. ಅವಳು ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. ಅವತ್ತು ನೀವು ಪಂಪಿನ ಕಡೆ ಹೋಗದಿದ್ದರೆ ಮಾತು ಇಲ್ಲಿಗೆ ಬರುತ್ತಿರಲಿಲ್ಲ ಎಂದಷ್ಟೇ ಅಂದಳು.

ಮರುದಿನ ಹೆಂಗಸರೆಲ್ಲ ಬಂದು ಬೇವಿನ ಗಿಡದ ಕೆಳಗೆ ಕುಳಿತರು. ನಾಗರತ್ನಾ ಸುಜಾತಾಳನ್ನು ಕರೆತರಲು ಉಡಚವ್ವನ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿ, ಬಾ, ಅವನು ನಿನ್ನ ಮುಂದೆ ತಪ್ಪು ಒಪ್ಪಿಕೊಳ್ಳುತ್ತಾನೆ ಎಂದಳು. ಹುಡುಗಿ ಮಡಚುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

"ಅವ ಒಪ್ಪಿದ್ರ ನನಗೇನಾಗಬೇಕೈತಿ ಅಕ್ಕಾ? ನಾನು ತಪ್ಪು ಮಾಡಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ನಿನಗೂ ಗೊತ್ತಿತ್ತು."

ನಾಗರತ್ನಾಳಿಗೆ ಹುಡುಗಿಯ ಮೇಲೂ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ ಎಂದು ಕೇಳಬೇಕೆನ್ನಿಸಿತು. ಆದರೆ ಹುಡುಗಿಯ ಕೊನೆಯ ಮಾತು ಎದೆಯಲ್ಲಿ ನೆಟ್ಟು ನಿಂತಿತ್ತು. ಉಡಚವ್ವ ಚಹಾ ತಂದು ಕೊಟ್ಟು, ಆ ಗೆರೆಗಳ ವಿಚಾರ ಮತ್ತೊಮ್ಮೆ ಹೇಳಿಸಿಕೊಂಡಳು. ಅಷ್ಟೊಂದು ಸುಟ್ಟವರು ಯಾರು ಎಂದು ಕೇಳಿದಳು. ಹೆಚ್ಚು ಸುಟ್ಟವರು ಹೊರದೇಶದವರು, ದೊಡ್ಡ ಊರಿನವರು, ಕಾರ್ಖಾನೆಯವರು ಎಂದಳು ನಾಗರತ್ನಾ. ಅವರನ್ನು ಯಾರೂ ಏನೂ ಕೇಳಲಿಲ್ಲವೇ ಎಂದು ಉಡಚವ್ವ ಮತ್ತೆ ಕೇಳಿದಾಗ ನಾಗರತ್ನಾ ಲೋಟ ಕೆಳಗಿಟ್ಟಳು. ಮಹಾಂತೇಶನಿಗಾದರೂ ಒಂದು ಮುಖವಿತ್ತು, ಎದ್ದು ನಿಂತು ಬೆರಳು ತೋರಿಸಬಹುದಿತ್ತು. ಈ ಹೊಗೆ ಬಿಟ್ಟವರನ್ನು ಯಾವ ಸಭೆಯಲ್ಲಿ ಹುಡುಕಬೇಕು? ಚಹಾ ಆರಿಹೋಯಿತು, ಅವಳು ಕುಡಿಯಲಿಲ್ಲ.

ಮಧ್ಯಾಹ್ನ ಮಹಾಂತೇಶ ಬಂದ. ಬೈಕಿನಿಂದ ಇಳಿಯದೆ, ಹೂವು ಉದುರಿದ್ದು ಬಿಸಿಗೆ, ಇನ್ನು ಮೇಲೆ ಯಾರನ್ನೂ ಏನೂ ಕೇಳುವುದಿಲ್ಲ ಎಂದು ಓದಿ ಒಪ್ಪಿಸಿದಂತೆ ಹೇಳಿದ. ಬೈಕಿನಿಂದ ಇಳಿದು ಹೇಳ್ರಿ ಎಂದಳು ನಾಗರತ್ನಾ. ಅವನು ಗುಡ್ಡಪ್ಪನ ಮುಖ ನೋಡಿದ. ಗುಡ್ಡಪ್ಪ ಈ ಸಲ ಜಾಗ ಬಿಟ್ಟು ಕದಲಲಿಲ್ಲ, ಇಳೀರಿ ಎಂದ. ಮಹಾಂತೇಶ ಇಳಿದು, ಸ್ಟ್ಯಾಂಡ್ ಹಾಕಿ, ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಸುಜಾತಾಳದು ತಪ್ಪಿಲ್ಲ ಎಂದು ಅವಳ ಹೆಸರು ಹಿಡಿದೂ ಹೇಳಿಸಿದ ಮೇಲೆಯೇ ಹೆಂಗಸರು ಎದ್ದರು.

ಕೆಲವೇ ದಿನಗಳಲ್ಲಿ ಅವನನ್ನು ಶಿಗ್ಗಾಂವಿಯ ಕಡೆಗೆ ಹಾಕಿದರೆಂದು ಸುದ್ದಿ ಬಂತು. ಅಲ್ಲಿ ಹಿರೇಬೆಂಡಿಗೇರಿಯ ನೆಟ್ಟುಗಳ ಬಾಗಿಲಲ್ಲಿ ಅವನು ಏನು ಕೇಳುತ್ತಿದ್ದಾನೋ ಎಂದು ನಾಗರತ್ನಾ ಅಂದುಕೊಂಡಳು. ಆ ಊರಿನಲ್ಲಿದ್ದ ತನ್ನ ಚಿಕ್ಕಮ್ಮನ ಮಗಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿಟ್ಟಳು. ಗುಡ್ಡಪ್ಪನಿಗೆ ಆ ವರ್ಷ ಅರ್ಧ ಬೆಳೆಯಷ್ಟೇ ಕೈಗೆ ಬಂತು. ಸುಜಾತಾ ಹಿರೇಕೆರೂರಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು, ದಾರಿಯಲ್ಲಿ ಸಿಕ್ಕರೆ ಅಕ್ಕಾ ಎಂದು ಮಾತಾಡಿಸುತ್ತಾಳೆ, ಹೊಲದ ಮಾತು ಎತ್ತುವುದಿಲ್ಲ. ಹೊಸ ತಳಿ ಬಂತು. ಅದೂ ತಾಳದಷ್ಟು ಬಿಸಿಯ ದಿನಗಳು ಬಂದವು. ನಾಗರತ್ನಾ ಈಗಲೂ ಮುಂದಾಳು. ನಸುಕಿನಲ್ಲಿ ಬಾಗಿಲು ತೆರೆದು ಆ ಹಬೆ ಮುಖಕ್ಕೆ ಬಡಿದಾಗ ಅವಳು ಗಟ್ಟಿಯಾಗಿ ಬಯ್ಯುತ್ತಾಳೆ. ಯಾರಿಗೆ ಬಯ್ಯುತ್ತೀ ಎಂದು ಹೊಸಬರು ಕೇಳಿದರೆ, ಅವರಿಗೆ ಆ ಎರಡು ಗೆರೆಗಳ ಕಥೆಯನ್ನು ಮೊದಲಿನಿಂದ ಹೇಳುತ್ತಾಳೆ.