ಒಂದು ಗೇಣು ಕಡಿಮೆ

ಟ್ಯಾಂಕು ತೂತಾದದ್ದು ಯಾರ ತಪ್ಪೂ ಅಲ್ಲ. ಇಡೀ ಆಯುಷ್ಯ ಉಪ್ಪುನೀರಿನ ಮೇಲೆ ಕುಣಿದ ಬೋಟು. ಅದರ ಹೊಟ್ಟೆಯೊಳಗಿನ ಕಬ್ಬಿಣ ಇಷ್ಟು ದಿನ ತಡೆದದ್ದೇ ಹೆಚ್ಚು. ಒಂದು ದಿನ ಎಂಜಿನ್ ಕೋಣೆಯ ತಳದಲ್ಲಿ ನಿಂತ ನೀರಿನ ಮೇಲೆ ಡೀಸೆಲಿನ ಬಣ್ಣಬಣ್ಣದ ಪೊರೆ ತೇಲಿತು. ಕೈ ಹಾಕಿ ತಡವಿದರೆ ಟ್ಯಾಂಕಿನ ಅಡಿಭಾಗ ಪುಡಿಪುಡಿಯಾಗಿ ಬೆರಳಿಗೆ ಬಂತು. ತಪ್ಪು ಆದದ್ದು ಆಮೇಲೆ, ಹೊಸ ಟ್ಯಾಂಕು ಮಾಡಿಸುವಾಗ. ಮಾಡಿದವಳು ಬೋಟಕ್ಕ.

ಬೋಟಕ್ಕ ಅಂದರೆ ಬೋಟಿನ ಯಜಮಾನನ ಹೆಂಡತಿ. ಬಂದರಿನವರೆಲ್ಲ ಹಾಗೇ ಕರೆಯುತ್ತಿದ್ದರು. ಗಂಡ ನೀರಿನ ಮೇಲಿದ್ದರೆ ಐಸು, ಬಲೆ, ಮೀನಿನ ಹರಾಜು ಎಲ್ಲ ಅವಳ ಕೈಯಲ್ಲೇ. ಬಾಯಿ ಸ್ವಲ್ಪ ಜೋರು, ಆದರೆ ಮಾತಿಗೆ ತಪ್ಪುವವಳಲ್ಲ ಎಂದು ಹೆಸರು ತೆಗೆದವಳು. ಅಂಥವಳೇ ಎಡವಿದಳು ನೋಡಿ.

ಎಡವಲು ಕಾರಣ ಇಲ್ಲದೆ ಇರಲಿಲ್ಲ. ಹಿಂದಿನ ತಿಂಗಳು ಗಂಡ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಎಬ್ಬಿಸಿ ಕೂರಿಸಿದ ಮೇಲೆ, ಹೆದರಿಕೆಗೋ ಏನೋ, ಬಾಯಿಬಿಟ್ಟ. ಇದು ಮೊದಲ ಸಲ ಅಲ್ಲವಂತೆ. ದೂರದ ದಿಬ್ಬದಿಂದ ಬರುವಾಗ ಸ್ಟಿಯರಿಂಗ್ ಹಿಡಿದುಕೊಂಡೇ ಒಂದು ಗಳಿಗೆ ಲೋಕದ ಪರಿವೆಯೇ ಇರಲಿಲ್ಲವಂತೆ. ಜೊತೆಗೆ ಬರುವ ಅವನ ತಮ್ಮ ಮಲಗಿದ್ದ, ಅವನಿಗೆ ಗೊತ್ತಾಗಲಿಲ್ಲವಂತೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೆಂಡಾಮಂಡಲವಾದ. ಬಂದರಿನಲ್ಲಿ ಯಾರ ಕಿವಿಗಾದರೂ ಇದು ಬಿತ್ತೋ, ನನ್ನಾಣೆ ಎಂದ. ಕಣ್ಣು ಕತ್ತಲೆ ಬರುವವನ ಬೋಟಿಗೆ ಯಾರೂ ಹತ್ತುವುದಿಲ್ಲ, ಅದು ಅವನಿಗೆ ಗೊತ್ತು. ಅವಳಿಗೂ ಗೊತ್ತು.

ದೂರದ ದಿಬ್ಬ ಎಂದರೆ ನೀರಿನೊಳಗಿನ ಗುಡ್ಡ. ಮೀನು ಅಲ್ಲಿ ಗುಂಪು ಕಟ್ಟುತ್ತದೆ. ಬೆಳಿಗ್ಗೆ ಬಿಟ್ಟರೆ ಮುಟ್ಟುವಾಗ ಸಂಜೆ. ಅಲ್ಲಿ ಬಿದ್ದರೆ ಎತ್ತಲು ಅವನ ತಮ್ಮನೊಬ್ಬ ಬಿಟ್ಟರೆ ಯಾರಿದ್ದಾರೆ? ಹೋಗಬೇಡಿ ಎಂದು ಹೇಳಬೇಕೆಂದು ಬೋಟಕ್ಕ ಎಷ್ಟು ಸಲ ಹೊರಟಳೋ, ಅವನ ಮುಖ ನೋಡಿ ಮಾತು ನುಂಗಿಕೊಂಡಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಹಟ ಯಾವ ಗೋಡೆಯಂಥದ್ದು ಎಂದು ಬೇರೆ ಹೇಳಬೇಕೆ?

ಅಷ್ಟರಲ್ಲಿ ಟ್ಯಾಂಕು ಸೋರಿತು. ಬೋಟಕ್ಕನ ತಮ್ಮ ವೆಲ್ಡರ್, ಬಂದರಿನ ಹಿಂದೆಯೇ ಅವನ ಶೆಡ್ಡು. ಬಂದು ಮೈ ಮುದುಡಿ ಎಂಜಿನ್ ಕೋಣೆಗಿಳಿದು, ಟಾರ್ಚು ಬಿಟ್ಟು ನೋಡಿ, ಹೊರಗೆ ಬಂದು ತಲೆ ಕೆರೆದುಕೊಂಡ. ಹಳೆಯದನ್ನು ಬೋಟು ಕಟ್ಟುವಾಗಲೇ ಒಳಗಿಟ್ಟು ಅದರ ಮೇಲೆ ಡೆಕ್ ಹೊದೆಸಿದ್ದರು. ತೊಳೆದು, ನೀರು ತುಂಬಿಸಿ, ವಾಸನೆ ಹೋದ ಮೇಲೆ ತುಂಡು ಮಾಡಿ ತೆಗೆಯಬಹುದು. ಆದರೆ ಅಷ್ಟೇ ದೊಡ್ಡದನ್ನು ಇಡಿಯಾಗಿ ಒಳಗಿಳಿಸಬೇಕಾದರೆ ಡೆಕ್ ಕತ್ತರಿಸಬೇಕು. ಇಲ್ಲವೇ ಎಂಜಿನ್ ಕೋಣೆಯ ಬಾಗಿಲಿನಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡಬೇಕು.

ಬೋಟಕ್ಕನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಚಿಕ್ಕ ಟ್ಯಾಂಕು ಕೂತುಬಿಟ್ಟರೆ ದೂರದ ದಿಬ್ಬ ತಾನಾಗಿಯೇ ತಪ್ಪುತ್ತದೆ. ಬಾಯಿಬಿಟ್ಟು ಬೇಡುವ ಕೆಲಸವೇ ಇಲ್ಲ. ತಮ್ಮನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಎರಡೂ ಪಕ್ಕದಲ್ಲಿ ಒಂದೊಂದು ಗೇಣು ಕಡಿಮೆ ಮಾಡು, ಭಾವ ಕೇಳಿದರೆ ಎರಡು ಬಕೆಟ್ ಕಡಿಮೆಯಾಗುತ್ತದೆ ಅಷ್ಟೇ ಎಂದು ಹೇಳು ಎಂದಳು. ಅವನು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಆಣೆಯನ್ನೂ ಮುರಿದು ಕಾರಣ ಹೇಳಬೇಕಾಯಿತು. ಆಮೇಲೆ ಅವನು ತಗಡಿಗೆ ಗೆರೆ ಹಾಕಿದ. ಅವಳ ಲೆಕ್ಕ ಸರಳವಾಗಿತ್ತು. ಮೊದಲ ಸಲ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಗುಟ್ಟು ರಟ್ಟಾಗುತ್ತದೆ. ಗಂಡ ನಾಲ್ಕು ದಿನ ಹಾರಾಡುತ್ತಾನೆ. ಕೂತ ಟ್ಯಾಂಕನ್ನು ಮತ್ತೆ ಕೀಳಿಸಲು ಮನಸ್ಸಾಗದೆ ತಣ್ಣಗಾಗುತ್ತಾನೆ. ಅಷ್ಟೇ.

ಎರಡು ಬಕೆಟ್ ಕಡಿಮೆ ಎಂದು ವೆಲ್ಡರು ಹೇಳಿದಾಗ ಗಂಡನಿಗೆ ಅನುಮಾನವೇ ಬರಲಿಲ್ಲ. ಬೋಟಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದರಲ್ಲಿ ಅವನು ಮುಳುಗಿದ್ದ. ಟ್ಯಾಂಕಿನ ಎರಡೂ ಬದಿಗೆ ಉಳಿದ ಜಾಗಕ್ಕೆ ವೆಲ್ಡರು ಹಲಗೆ ಹೊಡೆದು ಮುಚ್ಚಿದ್ದು, ಭದ್ರವಾಗಿರಲಿ ಎಂದೇ ಇರಬೇಕು ಅಂದುಕೊಂಡ. ಬೋಟು ನೀರಿಗಿಳಿದ ಮೇಲೆ, ಹಳೆಯ ಟ್ಯಾಂಕಿನಿಂದ ತೆಗೆದು ಡ್ರಮ್ಮುಗಳಲ್ಲಿಟ್ಟಿದ್ದ ಡೀಸೆಲನ್ನು ಸೋಸಿ ಹೊಸದಕ್ಕೆ ತುಂಬಿದರು. ಆ ಬೋಟಿನಲ್ಲಿ ಮೀಟರು ಗೀಟರು ಏನೂ ಇಲ್ಲ. ಒಂದು ಮರದ ಕೋಲು, ಅದರಲ್ಲಿ ಕತ್ತಿಯಿಂದ ಕೊರೆದ ಗೆರೆಗಳು. ಟ್ಯಾಂಕಿನೊಳಗೆ ಇಳಿಬಿಟ್ಟು ತೆಗೆದಾಗ ಮೇಲಿನ ಗೆರೆ ಒದ್ದೆಯಾಗಿದ್ದರೆ ದಿಬ್ಬಕ್ಕೆ ಹೋಗಿ ಬರುವಷ್ಟು ಇದೆ ಎಂದು ಅರ್ಥ. ಗಂಡ ಕೋಲು ಇಳಿಸಿದ, ಎತ್ತಿದ, ಮೇಲಿನ ಗೆರೆ ಹೊಳೆಯುತ್ತಿತ್ತು. ಬಾಮೈದನ ಬೆನ್ನಿಗೊಂದು ಗುದ್ದಿ, ಪರವಾಗಿಲ್ಲ ಕಣೋ, ನೀನೂ ಕೆಲಸ ಕಲಿತಿದ್ದೀಯ ಎಂದು ನಗುತ್ತಾ ಮನೆಗೆ ಬಂದ.

ಬೆಳಿಗ್ಗೆ ಅವನೂ ಅವನ ತಮ್ಮನೂ ಹೊರಟರು. ಎಲ್ಲಿಗೆ ಎಂದು ಬೋಟಕ್ಕ ಕೇಳಿದ್ದಕ್ಕೆ, ದಿಬ್ಬದ ಕಡೆ ಮೀನು ಎದ್ದಿದೆಯಂತೆ ಎಂದ. ಅವಳು ತಡೆಯಲಿಲ್ಲ. ದಿಬ್ಬಕ್ಕೆ ಹೊರಟವನು ಬಂಕಿಗೆ ಹೋಗದೆ ಇರುತ್ತಾನೆಯೇ, ಅಲ್ಲಿ ಎಲ್ಲ ಬಯಲಾಗಿ ಬೈಯುತ್ತಾ ವಾಪಸು ಬರುತ್ತಾನೆ ಎಂದು ಕಾದಳು. ಬೈಗುಳಕ್ಕೆ ಉತ್ತರಗಳನ್ನೂ ಜೋಡಿಸಿಟ್ಟುಕೊಂಡಳು. ಅವನು ಬರಲಿಲ್ಲ. ಬೇರೆಲ್ಲೋ ಹತ್ತಿರದಲ್ಲೇ ಬಲೆ ಹಾಕಿರಬೇಕೆಂದು ಸಮಾಧಾನ ಮಾಡಿಕೊಂಡಳು.

ಮಧ್ಯಾಹ್ನ ಬೋಟಕ್ಕನ ತಮ್ಮ, ಆ ವೆಲ್ಡರು, ಓಡಿ ಬಂದ. ಭಾವ ದಿಬ್ಬಕ್ಕೇ ಹೋದರೆಂದು ಐಸಿನವನು ಹೇಳಿದನಂತೆ. ಬಂಕಿನ ಕಡೆ ತಿರುಗಿಯೂ ನೋಡಿಲ್ಲ. ನೋಡುವುದೇಕೆ? ಕೋಲು ತುಂಬಿದೆ ಎನ್ನುತ್ತಿತ್ತಲ್ಲ.

"ಅಕ್ಕ, ನಿನಗೆ ಒಂದು ಹೇಳಿಲ್ಲ. ನಿನ್ನೆ ಟ್ಯಾಂಕ್ ತುಂಬಿದ ಮೇಲೆ ಎರಡು ಡ್ರಮ್ ಡೀಸೆಲ್ ಉಳಿದೇ ಹೋಯ್ತು. ಭಾವನ ಕಣ್ಣಿಗೆ ಬೀಳದ ಹಾಗೆ ಶೆಡ್ಡಿನ ಹಿಂದೆ ಉರುಳಿಸಿಟ್ಟೆ."

ಬೋಟಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಗಲ ಕಡಿಮೆ, ಎತ್ತರ ಅಷ್ಟೇ. ಕೋಲಿಗೆ ಎತ್ತರ ಮಾತ್ರ ಗೊತ್ತು. ಗಂಡ ದಡದ ಹತ್ತಿರ ಇರಲಿ ಎಂದು ಮಾಡಿಸಿದ ಟ್ಯಾಂಕೇ ಅವನನ್ನು ನಡುನೀರಿನಲ್ಲಿ ಎಂಜಿನ್ ಸತ್ತ ಬೋಟಿನೊಳಗೆ ಕೂರಿಸುತ್ತದೆ. ಗಾಳಿ ಎದ್ದರೆ? ಅಲ್ಲೇ ಕಣ್ಣು ಕತ್ತಲೆ ಬಂದರೆ? ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು, ಹಿಂದೆಯೇ ತಮ್ಮ.

ಅಷ್ಟು ದೂರಕ್ಕೆ ಫೋನು ಸಿಗುವುದಿಲ್ಲ. ಇರುವುದು ಮೀನುಗಾರರ ಸಂಘದ ಆಫೀಸಿನ ವೈರ್‌ಲೆಸ್ ಒಂದೇ. ಒಂದು ಮೇಜು, ಒಂದು ಫ್ಯಾನು, ಕಿಟಕಿಯ ಹತ್ತಿರ ಪೆಟ್ಟಿಗೆ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಇಲ್ಲಿ ಆಡಿದ್ದು ನೀರಿನ ಮೇಲಿರುವ ಎಲ್ಲ ಬೋಟಿಗೂ ಕೇಳಿಸುತ್ತದೆ ಎಂದು ಗುಮಾಸ್ತ ನೆನಪಿಸಿದ. ಬೋಟಕ್ಕನಿಗೆ ಅದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಅದನ್ನೇ.

ಮೊದಲು ಅರ್ಧ ಮಾತಿನಲ್ಲಿ ಮುಗಿಸಲು ನೋಡಿದಳು. ಟ್ಯಾಂಕಿನಲ್ಲಿ ಏನೋ ಎಡವಟ್ಟಾಗಿದೆ, ತಿರುಗಿ ಬನ್ನಿ ಎಂದಳು. ಗಂಡ ನಕ್ಕ. ಹೊರಡುವಾಗ ಕೋಲು ಮೇಲಿನ ಗೆರೆಯವರೆಗೂ ಒದ್ದೆಯಾಗಿತ್ತು, ನೀನು ಹೋಗಿ ಮಲಗು ಎಂದ. ಬೇರೆ ಯಾವುದೋ ಬೋಟಿನವನು ನಡುವೆ ಬಾಯಿ ಹಾಕಿ, ಯಜಮಾನರೇ, ಮನೆಯವರು ಕರೆಯುತ್ತಿದ್ದಾರೆ, ಮೀನು ಹಿಡಿಯುವುದು ನಮಗೆ ಬಿಡಿ ಎಂದು ಕೆಣಕಿದ. ಅಲ್ಲಲ್ಲಿ ನಗು. ಆಗ ತಮ್ಮ ಮೈಕನ್ನು ಅಕ್ಕನ ಕೈಯಿಂದ ತೆಗೆದುಕೊಂಡು, ಭಾವ, ತಪ್ಪು ನನ್ನದು, ಅಳತೆ ತಪ್ಪಿ ಚಿಕ್ಕದು ಮಾಡಿದೆ ಎಂದ. ಬಂದರಿನಲ್ಲಿ ವೆಲ್ಡರನ ಹೆಸರು ಮಣ್ಣುಪಾಲಾಗಲು ಅಷ್ಟು ಸಾಕು. ಅದು ಗೊತ್ತಿದ್ದೇ ಹೇಳಿದ. ಗಂಡ ಅದನ್ನೂ ನಂಬಲಿಲ್ಲ. ಎರಡು ಬಕೆಟ್ ತಾನೇ, ಬಂದ ಮೇಲೆ ನೋಡೋಣ ಎಂದುಬಿಟ್ಟ.

ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಓರಗಿತ್ತಿ, ಮೈದುನನ ಹೆಂಡತಿ. ಟ್ಯಾಂಕಿನ ಸುದ್ದಿ ಅವಳ ಬೀದಿಗೂ ಮುಟ್ಟಿತ್ತು, ಅಕ್ಕ ಹೇಳದೆ ವೆಲ್ಡರು ಅಳತೆ ಕಡಿಮೆ ಮಾಡುವವನಲ್ಲ ಎಂದೂ ಅವಳಿಗೆ ಗೊತ್ತಿತ್ತು. ಅವಳು ಗೋಳಾಡಲಿಲ್ಲ, ಕಿರುಚಲಿಲ್ಲ.

"ನನ್ನ ಗಂಡನೂ ಅದೇ ಬೋಟಲ್ಲಿದ್ದಾರೆ ಅಕ್ಕ. ನಿಮಗೆ ಅದು ನೆನಪಿತ್ತಾ?"

ನೆನಪಿರಲಿಲ್ಲ. ದೇವರಾಣೆಗೂ ನೆನಪಿರಲಿಲ್ಲ. ಇಷ್ಟು ದಿನ ತನ್ನ ಗಂಡನ ಪ್ರಾಣವೊಂದನ್ನೇ ಮಡಿಲಲ್ಲಿಟ್ಟುಕೊಂಡು ಓಡಾಡಿದ್ದಳೇ ಹೊರತು, ಪಕ್ಕದಲ್ಲಿ ಇನ್ನೊಬ್ಬಳ ಗಂಡ ಕೂತಿರುತ್ತಾನೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಬೋಟಕ್ಕನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗುಂಡಿ ಒತ್ತಿದಳು.

"ಕೇಳಿ. ಅಳತೆ ತಪ್ಪಿದ್ದಲ್ಲ. ನಾನೇ ಹೇಳಿ ಚಿಕ್ಕದು ಮಾಡಿಸಿದ್ದು. ಎರಡು ಬಕೆಟ್ ಅಲ್ಲ, ಎರಡೂ ಪಕ್ಕ ಒಂದೊಂದು ಗೇಣು. ಎತ್ತರ ಹಾಗೇ ಇದೆ, ಅದಕ್ಕೇ ಕೋಲು ಸುಳ್ಳು ಹೇಳ್ತಿದೆ. ನಿಮ್ಮ ಡೀಸೆಲ್ ಎರಡು ಡ್ರಮ್ ಇಲ್ಲೇ ಉಳಿದಿದೆ. ದಿಬ್ಬಕ್ಕೆ ಹೋಗೋಕೆ ಆಗುತ್ತೆ, ವಾಪಸು ಬರೋಕಾಗಲ್ಲ."

ಗುಂಡಿ ಬಿಟ್ಟಳು. ಪೆಟ್ಟಿಗೆ ಗರಗರ ಎಂದಿತು.

"ಯಾಕೆ?" ಎಂದ ಗಂಡ.

ತಮ್ಮ ಬೇಡ ಎಂಬಂತೆ ತಲೆಯಾಡಿಸಿದ. ಕಾರಣ ಹೇಳದಿದ್ದರೆ ಇದನ್ನೂ ಅವನು ಹೆಂಗಸಿನ ಹೆದರಿಕೆ ಎಂದು ಒರೆಸಿಹಾಕುತ್ತಾನೆ. ಹೇಳಿದರೆ ಅವನ ಯಜಮಾನಿಕೆ ಇವತ್ತಿಗೆ ಮುಗಿಯಿತು. ಬೋಟಕ್ಕ ಮತ್ತೆ ಗುಂಡಿ ಒತ್ತಿದಳು.

"ಸ್ಟಿಯರಿಂಗ್ ಹಿಡ್ಕೊಂಡೇ ನಿಮಗೆ ಪ್ರಜ್ಞೆ ತಪ್ಪಿತ್ತಲ್ಲ, ಅದಕ್ಕೆ. ಇನ್ನೊಂದು ಸಲ ಹಾಗಾದ್ರೆ ದಡದ ಹತ್ತಿರ ಇರಲಿ ಅಂತ."

ಈ ಸಲ ಯಾವ ಬೋಟಿನಿಂದಲೂ ನಗು ಬರಲಿಲ್ಲ. ಆಮೇಲೆ ದನಿ ಬಂತು, ಗಂಡನದಲ್ಲ, ಮೈದುನನದು.

"ಅತ್ತಿಗೆ, ಬೋಟು ತಿರುಗಿಸಿದ್ದೀನಿ. ಈಗ ನಾನೇ ಓಡಿಸ್ತಿದ್ದೀನಿ."

ಡೀಸೆಲ್ ಉಳಿಸಲು ರಾತ್ರಿಯಿಡೀ ಮೆಲ್ಲಗೆ ಓಡಿಸಿಕೊಂಡು ಬಂದರೂ, ಮರುದಿನ ಬೆಳಿಗ್ಗೆ ಬಂದರಿನ ಬಾಯಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಎಂಜಿನ್ ಕೆಮ್ಮಿ ನಿಂತಿತು. ಇನ್ನೊಂದು ಬೋಟು ಹಗ್ಗ ಹಾಕಿ ಎಳೆದು ತಂದಿತು. ಕಟ್ಟೆಯ ಮೇಲೆ ಜನ ನಿಂತಿದ್ದರು. ಹಿಂದಿನ ದಿನ ಕೆಣಕಿದವನೇ ಬಂದು ಯಜಮಾನನಿಗೆ ಕೈಕೊಟ್ಟು ಮೇಲೆ ಹತ್ತಿಸಿಕೊಂಡ. ಜನ್ಮದಲ್ಲಿ ಯಾರ ಕೈಯನ್ನೂ ಹಿಡಿಯದೆ ಬೋಟಿನಿಂದ ಹಾರಿ ಇಳಿಯುತ್ತಿದ್ದವನು ಆ ಕೈ ಹಿಡಿದುಕೊಂಡೇ ಹತ್ತಿದ್ದನ್ನು ಬೋಟಕ್ಕ ನಿಂತಲ್ಲಿಂದಲೇ ನೋಡಿದಳು. ಓರಗಿತ್ತಿ ತನ್ನ ಗಂಡನ ತೋಳು ಹಿಡಿದು, ಇವಳ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಮನೆಯಲ್ಲಿ ಗಂಡ ಎರಡು ದಿನ ಗೋಡೆ ನೋಡುತ್ತಾ ಕೂತ. ಆಮೇಲೆ ಡಾಕ್ಟರ ಹತ್ತಿರ ತಾನೇ ಹೊರಟ. ಬಂದವನು ಮಾತ್ರೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅವಳ ಮುಖ ನೋಡಿದ.

"ಹೋಗಬೇಡಿ ಅಂತ ನನಗೇ ಒಂದು ಮಾತು ಹೇಳಬಹುದಿತ್ತಲ್ಲೇ."

"ಹೇಳಿದ್ರೆ ಕೇಳ್ತಿದ್ರಾ?"

ಅವನು ಯೋಚಿಸಿದ. ಆ ಹೊತ್ತಿನಲ್ಲಿ ಹೌದು ಎಂದಿದ್ದರೆ ಅವಳು ಜೀವಮಾನವಿಡೀ ಬೇಯಬೇಕಾಗಿತ್ತು. ಆದರೆ ಅವನು ಇಲ್ಲ ಎಂದ. ಬೋಟು ಇನ್ನು ನನ್ನ ತಮ್ಮ ನೋಡಿಕೊಳ್ಳಲಿ ಎಂದೂ ಹೇಳಿ ಒಳಗೆ ಹೋಗಿ ಮಲಗಿದ. ಅವಳು ಬಯಸಿದ್ದು ಇದನ್ನೇ, ಗಂಡ ಮನೆಯಲ್ಲಿರಲಿ ಎಂದು. ಈಗ ಇದ್ದ. ಅಡುಗೆಮನೆಯಲ್ಲಿ ನಿಂತು ಅತ್ತಳು.

ಮೈದುನ ಸ್ಟಿಯರಿಂಗ್ ಹಿಡಿದ. ಮೊದಲು ಮಾಡಿದ ಕೆಲಸವೆಂದರೆ ವೆಲ್ಡರನನ್ನು ಕರೆಸಿ, ದೊಡ್ಡ ಟ್ಯಾಂಕೇ ಕೂರಿಸು, ಡೆಕ್ ಹೋದರೆ ಹೋಗಲಿ ಎಂದದ್ದು. ಆ ಸಂಜೆ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಓರಗಿತ್ತಿ ನಿಂತಿದ್ದಳು. ವೈರ್‌ಲೆಸ್ ಕೋಣೆಯಿಂದ ಈಚೆಗೆ ಅವಳು ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು.

"ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಕ್ಕ, ಇಳಿಯುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ನಿಮ್ಮ ತಮ್ಮನಿಗೆ ಹೇಳಿ, ಈ ಟ್ಯಾಂಕೇ ಇರಲಿ. ಡೆಕ್ ಕತ್ತರಿಸೋಕಾಗಲ್ಲ ಅಂತಲೋ ಏನೋ, ಒಂದು ನೆಪ ಹೇಳಲಿ."

ಬೋಟಕ್ಕನ ನಾಲಿಗೆಯ ತುದಿಗೆ ಹೂಂ ಬಂದಿತ್ತು. ತಮ್ಮನಿಗೆ ಒಂದು ಮಾತು ಸಾಕು, ಕೆಲಸ ಆಗುತ್ತದೆ. ಇವಳ ಋಣವೂ ತೀರುತ್ತದೆ.

"ನೆಪ ಬೇಡ," ಎಂದಳು. "ನಿನ್ನ ಗಂಡನಿಗೆ ನೀನೇ ಹೇಳು."

"ಅವರು ಕೇಳಲ್ಲ."

"ಗೊತ್ತು. ಆದ್ರೂ ಹೇಳು."

ಓರಗಿತ್ತಿ ಬಂದ ದಾರಿಯಲ್ಲೇ ಹೊರಟುಹೋದಳು. ಅವಳು ಹೇಳಿದಳು, ಅವನು ಕೇಳಲಿಲ್ಲ. ದೊಡ್ಡ ಟ್ಯಾಂಕು ಕೂತಿತು, ಬೋಟು ದಿಬ್ಬಕ್ಕೆ ಹೊರಟಿತು. ಅದು ಕಣ್ಮರೆಯಾದ ಮೇಲೆ ಬೋಟಕ್ಕ ಮನೆಗೆ ಹೋಗದೆ ನೇರ ಓರಗಿತ್ತಿಯ ಮನೆಗೆ ಹೋದಳು. ಓರಗಿತ್ತಿ ಬಾಗಿಲು ತೆಗೆದು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಳಗೆ ಹೋಗಿ ಬೆಂಚಿನ ಒಂದು ತುದಿಗೆ ಸರಿದು ಕೂತಳು. ಇನ್ನೊಂದು ತುದಿಯಲ್ಲಿ ಬೋಟಕ್ಕ ಕೂತಳು, ಬೋಟು ಬರುವವರೆಗೆ.